ಎಮಿಲಿಯಾ ಮೇಡಂ ಕೈಯಲ್ಲಿದ್ದ ಗ್ಲಾಸು

ನಾನು ವೈನಿನ ರುಚಿ ನೋಡುವ ಗ್ಲಾಸು. ಫಿರೋಜಾಬಾದಿನ ಒಂದು ಕುಲುಮೆಯಲ್ಲಿ ಮರಳು, ಸೋಡಾ, ಸುಣ್ಣ ಕರಗಿ ಕೆಂಡದ ಬಣ್ಣದ ಪಾಕವಾದಾಗ ನನ್ನ ಬಾಳು ಶುರುವಾಯಿತು. ಒಬ್ಬ ಕೆಲಸಗಾರ ಆ ಪಾಕವನ್ನು ಕಬ್ಬಿಣದ ಕೊಳವೆಯ ತುದಿಗೆ ಸುತ್ತಿಕೊಂಡು ಕೆನ್ನೆಯುಬ್ಬಿಸಿ ಊದಿದ. ಅವನ ಉಸಿರೇ ನನ್ನ ಹೊಟ್ಟೆಯಾಯಿತು. ಹೊಟ್ಟೆ ಅಗಲ, ಬಾಯಿ ಕಿರಿದು, ಕೆಳಗೆ ತೆಳ್ಳನೆಯ ಒಂಟಿ ಕಾಲು. ಒಳಗೆ ಸುರಿದದ್ದರ ಘಮ ಚದುರದೆ ಬಾಯಿಯ ಹತ್ತಿರವೇ ಕೂಡಿ ನಿಲ್ಲಲಿ ಎಂದು ನನಗೆ ಈ ಆಕಾರ.

ಒಣಹುಲ್ಲಿನಲ್ಲಿ ಹುದುಗಿ, ಲಾರಿ ಹತ್ತಿ ಬೆಂಗಳೂರಿಗೆ ಬಂದೆ. ಮೊದಲು ನನ್ನನ್ನು ಕೊಂಡದ್ದು ಒಂದು ಹೋಟೆಲು. ಅಲ್ಲಿ ನನ್ನೊಳಗೆ ಮಾವಿನ ರಸ ಹಾಕಿದರು, ಐಸ್‌ಕ್ರೀಮ್ ಹಾಕಿದರು, ಒಂದು ಆರತಕ್ಷತೆಯಲ್ಲಿ ಬಾಯಿಗೆ ಕರವಸ್ತ್ರ ತುರುಕಿ ಮೇಜಿನ ಅಲಂಕಾರಕ್ಕೂ ನಿಲ್ಲಿಸಿದರು. ಹೋಟೆಲು ಮುಚ್ಚಿದಾಗ ಪಾತ್ರೆ ಪಡಗಗಳ ಜೊತೆ ಶಿವಾಜಿನಗರದ ಹಳೆ ಸಾಮಾನಿನ ಅಂಗಡಿ ಸೇರಿದೆ.

ಎಮಿಲಿಯಾ ಲೋಬೊ ನನ್ನನ್ನು ಕಂಡದ್ದು ಅಲ್ಲಿ. ಮಂಗಳೂರು ಕಡೆಯವರು, ಐವತ್ತು ದಾಟಿದವರು. ದೊಡ್ಡಬಳ್ಳಾಪುರದ ಹತ್ತಿರ ಒಂದು ವೈನ್ ಕಾರ್ಖಾನೆಯಲ್ಲಿ ಅವರಿಗೆ ರುಚಿ ನೋಡುವ ಕೆಲಸ. ನನ್ನನ್ನು ಬೆಳಕಿಗೆ ಹಿಡಿದು, ಉಗುರಿನಿಂದ ಮೆಲ್ಲಗೆ ತಟ್ಟಿ, "ಇದನ್ನು ಕೊಡಿ ಮಾರಾಯ್ರೆ" ಎಂದರು. ನಾನು ಯಾವ ಕೆಲಸಕ್ಕೆ ಹುಟ್ಟಿದ್ದೆನೋ ಅದು ಅಂದಿನಿಂದ ಶುರುವಾಯಿತು.

ತಣ್ಣಗಿನ ಬಿಳಿ ವೈನನ್ನು ಅವರು ನನ್ನ ತಳಕ್ಕಷ್ಟೇ ಸುರಿಯುತ್ತಿದ್ದರು. ಬಿಳಿ ಬಟ್ಟೆಯ ಮುಂದೆ ನನ್ನನ್ನು ಓರೆಮಾಡಿ ಬಣ್ಣ ನೋಡುತ್ತಿದ್ದರು. ಕಾಲು ಹಿಡಿದು ಗಿರ್ರನೆ ತಿರುಗಿಸಿ ಮೂಗನ್ನು ನನ್ನ ಬಾಯಿಯ ಹತ್ತಿರ ತರುತ್ತಿದ್ದರು. ಆಗ ಅವರ ಉಸಿರು ಒಮ್ಮೆ ತಡೆದು, ಆಮೇಲೆ ನಿಧಾನವಾಗುತ್ತಿತ್ತು. "ಚಕ್ಕೋತದ ಸಿಪ್ಪೆ. ಹಿಂದೆ ಸ್ವಲ್ಪ ಪೇರಳೆ ಉಂಟು" ಎನ್ನುತ್ತಿದ್ದರು. ಒಂದು ಗುಟುಕು ಬಾಯಲ್ಲಿ ಆಡಿಸಿ, ಬಕೆಟ್ಟಿಗೆ ಉಗಿದು, ಮುಂದಿನ ಬಾಟಲಿಗೆ ಕೈಹಾಕುತ್ತಿದ್ದರು.

ಅವರಿಗೆ ಪ್ರೀತಿ ಇದ್ದದ್ದು ಕಡಿಮೆ ಬೆಲೆಯ ವೈನುಗಳ ಮೇಲೆ. "ದುಬಾರಿ ಬಾಟಲಿ ಚೆನ್ನಾಗಿದ್ದರೆ ಅದರಲ್ಲಿ ಎಂತ ದೊಡ್ಡ ವಿಷಯ?" ಎಂದು ಕಾರ್ಖಾನೆಯವರಿಗೆ ಹೇಳುತ್ತಿದ್ದರು. "ಒಬ್ಬ ಮೇಷ್ಟ್ರು ಮದುವೆಯಾದ ದಿನದ ನೆನಪಿಗೆ ಹೆಂಡತಿಗೆ ಅಂತ ಒಂದು ಬಾಟಲಿ ತಗೊಂಡು ಹೋಗ್ತಾರಲ್ಲ, ಅದು ಚೆನ್ನಾಗಿರಬೇಕು."

ಪ್ರತಿವರ್ಷ ವೈನ್ ವ್ಯಾಪಾರಿಗಳ ಒಂದು ಸಂಘ ಬೆಂಗಳೂರಿನಲ್ಲಿ ಸ್ಪರ್ಧೆ ನಡೆಸುತ್ತಿತ್ತು. ಸಾಮಾನ್ಯರು ಕೊಳ್ಳಬಲ್ಲ ಬಿಳಿ ವೈನು ಮತ್ತು ಗುಳ್ಳೆ ಏಳುವ ಸ್ಪಾರ್ಕ್ಲಿಂಗ್ ವೈನುಗಳಿಗೆ ಮಾತ್ರ ಅಲ್ಲಿ ಪ್ರವೇಶ. ಹೆಸರು ಕಾಣದ ಹಾಗೆ ಬಾಟಲಿಗಳಿಗೆ ಬಟ್ಟೆಯ ಮುಸುಕು ಹಾಕಿರುತ್ತಿದ್ದರು. ಗೆದ್ದದ್ದು ಅಂಗಡಿಗಳ ಮುಂದಿನ ಸಾಲಿಗೆ ಬರುತ್ತಿತ್ತು. ಸಣ್ಣ ತಯಾರಕರಿಗೆ ಅದೇ ಜೀವಾಳ. ತೀರ್ಪುಗಾರರಲ್ಲಿ ಎಮಿಲಿಯಾ ಮೇಡಂ ಮಾತೇ ಕೊನೆಯದು. ಅವರ ಜೊತೆ ವಾದಕ್ಕಿಳಿಯುತ್ತಿದ್ದವರು ಒಬ್ಬರೇ, ವಿಜಯಪುರದ ಮಹಾಂತೇಶ ಬಿರಾದಾರ. ಕೃಷಿ ಕಾಲೇಜಿನಲ್ಲಿ ದ್ರಾಕ್ಷಿ ಬೆಳೆಯ ಪಾಠ ಹೇಳಿ ನಿವೃತ್ತರಾದವರು. ಇವರು ಹುಳಿ ಎಂದರೆ ಅವರು ಸಿಹಿ ಎನ್ನುತ್ತಿದ್ದರು.

ಒಂದು ಜನವರಿಯಲ್ಲಿ ಮೇಡಂಗೆ ಜ್ವರ ಬಂತು. ಜ್ವರ ಬಿಟ್ಟ ಮೇಲೆ ನನ್ನೊಳಗೆ ವೈನು ಸುರಿದು ಮೂಗು ಹತ್ತಿರ ತಂದರು. ಉಸಿರು ತಡೆಯಲಿಲ್ಲ, ನಿಧಾನವಾಗಲೂ ಇಲ್ಲ. ಸುಮ್ಮನೆ ಬಂದು ಹೋಗಿ ನನ್ನ ಗೋಡೆಗೆ ಮಂಜು ಕಟ್ಟಿಸಿತು. ಅವರು ಎದ್ದು ಅಡುಗೆಮನೆಗೆ ಹೋಗಿ ಕಾಫಿಪುಡಿ ಮೂಸಿದರು, ಬೆಳ್ಳುಳ್ಳಿ ಜಜ್ಜಿ ಮೂಸಿದರು, ಲವಂಗ ಉಜ್ಜಿ ಮೂಸಿದರು. ಕೊನೆಗೆ ನನ್ನನ್ನು ತೊಳೆದು, ಒರೆಸಿದ್ದನ್ನೇ ಮತ್ತೆ ಮತ್ತೆ ಒರೆಸುತ್ತಾ ನಿಂತರು.

ವಾಸನೆ ಮರಳಬಹುದು, ಮರಳದೆಯೂ ಇರಬಹುದು ಎಂದರು ಡಾಕ್ಟರು. ಸ್ಪರ್ಧೆ ಹತ್ತಿರ ಬಂದಿತ್ತು. ಮೂಗು ಹೋಯಿತು ಎಂದರೆ ಕೆಲಸವೂ ಹೋದಂತೆ. ಅವರು ಯಾರಿಗೂ ಹೇಳದೆ ನನ್ನನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹೊರಟರು.

ಮೊದಲ ಕೆಲವು ಬಿಳಿ ವೈನುಗಳು ಸುಸೂತ್ರವಾಗಿ ದಾಟಿದವು. ಬೇರೆಯವರು ಮಾತಾಡುವವರೆಗೆ ಕಾದು, ನಾಲಿಗೆಗೆ ತಿಳಿದ ಹುಳಿ ಸಿಹಿಗೆ ಅವರ ಮಾತು ಸೇರಿಸಿ ಮೇಡಂ ಅಂಕ ಕೊಟ್ಟರು. ಯಾರಿಗೂ ಅನುಮಾನ ಬರಲಿಲ್ಲ. ನನ್ನ ಕಾಲು ಹಿಡಿದ ಬೆರಳುಗಳು ಮಾತ್ರ ಬೆವೆತಿದ್ದವು.

ಆಗ ಬಿರಾದಾರರು ತಮ್ಮ ಗ್ಲಾಸನ್ನು ಮತ್ತೊಮ್ಮೆ ಮೂಸಿ ಹುಬ್ಬು ಗಂಟಿಕ್ಕಿದರು. "ಮೇಡಂ, ಇದರಾಗ ನನಗ ನೆಂದ ರಟ್ಟಿನ ವಾಸನಿ ಬರಾಕತ್ತೇತಿ. ಉಳಿದವ್ರಿಗೆ ಯಾರಿಗೂ ಬರವಲ್ದು. ಖರೇ ಏನು, ನನ್ನ ಭ್ರಮಾ ಏನು? ನೀವ ಹೇಳ್ರಿ."

ಎಲ್ಲರೂ ಮೇಡಂ ಕಡೆ ತಿರುಗಿದರು. ಹೌದು ಎಂದರೆ ಯಾರದೋ ಒಂದು ವರ್ಷದ ದುಡಿಮೆ ಹೊರಗೆ ಬೀಳುತ್ತಿತ್ತು. ಇಲ್ಲ ಎಂದರೆ ಬಿರಾದಾರರ ಮಾತು ಬಿದ್ದುಹೋಗುತ್ತಿತ್ತು. ಮೇಡಂ ನನ್ನನ್ನು ಮೂಗಿನ ಹತ್ತಿರ ತಂದರು. ಅಲ್ಲೇ ಹಿಡಿದುಕೊಂಡರು. ಆಮೇಲೆ ಮೇಜಿನ ಮೇಲಿಟ್ಟರು.

"ನನಗೆ ಗೊತ್ತಾಗುದಿಲ್ಲ ಬಿರಾದಾರ್ರೇ. ಜ್ವರದಲ್ಲಿ ಮೂಗು ಹೋಗಿದೆ. ಒಂದು ವಾಸನೆಯೂ ಬರುದಿಲ್ಲ."

"ಮೊದಲೇ ಹೇಳಬಹುದಿತ್ತಲ್ಲ ಮೇಡಂ?" ಎಂದು ಸಂಘದ ಅಧ್ಯಕ್ಷರು ಕೇಳಿದರು.

"ಹೇಳಬೇಕಿತ್ತು. ಧೈರ್ಯ ಬರಲಿಲ್ಲ. ನಾನು ಕೊಟ್ಟ ಅಂಕಗಳನ್ನೆಲ್ಲ ತೆಗೆದುಬಿಡಿ. ಆದರೆ ಇದರದ್ದು ಇನ್ನೊಂದು ಬಾಟಲಿ ತೆರೆಯಿರಿ. ರಟ್ಟಿನ ವಾಸನೆ ಬರುದು ಬಿರಡೆ ಕೆಟ್ಟರೆ; ಆಗ ಆ ಒಂದು ಬಾಟಲಿ ಮಾತ್ರ ಹಾಳು. ವೈನ್ ಮಾಡಿದವರ ತಪ್ಪಲ್ಲ ಅದು."

ಎರಡನೆಯ ಬಾಟಲಿ ಬಂತು. ಬಿರಾದಾರರು ಮೂಸಿ, ಮುಖ ಸಡಿಲಿಸಿ, "ಈಗ ಚೊಕ್ಕ ಐತ್ರಿ" ಎಂದರು. ಅಷ್ಟರಲ್ಲಿ ಮೇಡಂ ನನ್ನನ್ನು ಬಟ್ಟೆಯಲ್ಲಿ ಸುತ್ತತೊಡಗಿದ್ದರು.

"ಎಲ್ಲಿ ಹೊಂಟ್ರಿ? ಗುಳ್ಳಿ ವೈನ್ ಇನ್ನೂ ಬಂದೇ ಇಲ್ಲ."

"ನನ್ನಿಂದ ಇನ್ನು ಎಂತ ಉಪಯೋಗ?"

"ಎಲಿ ಅಡಿಕಿ ತಿಂದು ತಿಂದು ನನ್ನ ನಾಲಿಗಿ ದಡ್ಡ ಆಗೇತಿ. ಅದಕ್ಕ ಅಲ್ಲೇನ್ರಿ ಇಷ್ಟು ವರ್ಷ ನಿಮ್ಮ ಕೂಡ ಜಗಳ? ಮೂಗು ನಂದು, ನಾಲಿಗಿ ನಿಮ್ದು. ಇಬ್ರೂ ಕೂಡಿ ಒಂದ ಅಂಕ ಕೊಡೂಣು."

ಅಧ್ಯಕ್ಷರು ಸ್ವಲ್ಪ ಯೋಚಿಸಿ ತಲೆಯಾಡಿಸಿದರು. ಆ ಮಧ್ಯಾಹ್ನ ನಾನು ಮೊದಲ ಬಾರಿ ಇಬ್ಬರ ಕೈಯಲ್ಲಿ ಓಡಾಡಿದೆ. ಅವರ ಮೂಗಿನಿಂದ ಇವರ ನಾಲಿಗೆಗೆ. ಒಂದು ವೈನು ಸೋಡಾದ ಹಾಗೆ ಬುಸ್ಸೆಂದು ಸತ್ತುಹೋಯಿತು. ಇನ್ನೊಂದರಲ್ಲಿ ಸಕ್ಕರೆ ಸುರಿದು ಹುಳುಕು ಮುಚ್ಚಿದ್ದರು. ಆಮೇಲೆ ಒಂದು ಬಂತು. ನನ್ನ ತಳದಿಂದ ಗುಳ್ಳೆಗಳು ಸಣ್ಣಗೆ, ಎಳೆ ಕಡಿಯದೆ ಮೇಲೇರಿದವು. ಮೇಡಂ ಕಣ್ಣು ಮುಚ್ಚಿದರು.

"ಗುಳ್ಳೆ ಚುಚ್ಚುದಿಲ್ಲ, ಕರಗ್ತದೆ. ಉಗಿದ ಮೇಲೂ ಹುಳಿ ಚೆಂದ ನಿಲ್ತದೆ. ವಾಸನೆ ಹೇಗುಂಟು?"

"ಮುಂಜಾನೆ ಬೇಕರಿ ಮುಂದ ಹಾದು ಹೋದಂಗ ಐತ್ರಿ."

"ಹಾಗಾದರೆ ಇದೇ" ಎಂದರು ಮೇಡಂ. ಇಬ್ಬರಿಗೂ ಒಂದೇ ಅಭಿಪ್ರಾಯ ಬಂದದ್ದು ಅದೇ ಮೊದಲು. ಮುಸುಕು ತೆಗೆದರೆ ಹೊಸ ಕಾರ್ಖಾನೆಯೊಂದರ ಹೆಸರಿತ್ತು; ಇಬ್ಬರೂ ಅದನ್ನು ಕೇಳಿರಲಿಲ್ಲ.

ಕೆಲಸ ಪೂರ್ತಿ ಹೋಗಲಿಲ್ಲ. ಘಮ ನೋಡಲು ಕಾರ್ಖಾನೆಯವರು ಬೇರೊಬ್ಬರನ್ನು ನೇಮಿಸಿ, ಹುಳಿ ಸಿಹಿಗಳ ಹದ ನೋಡುವುದನ್ನು ಮೇಡಂಗೇ ಬಿಟ್ಟರು. ಸಂಬಳ ಇಳಿಯಿತು. ಅವರು ದೂರಲಿಲ್ಲ. ಆದರೆ ಊಟಕ್ಕೆ ಕುಳಿತಾಗ ಸಾರಿನ ಬಟ್ಟಲನ್ನು ಮೂಗಿನವರೆಗೆ ಎತ್ತಿ, ಸುಮ್ಮನೆ ಕೆಳಗಿಡುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಸ್ಪರ್ಧೆಯಲ್ಲಿ ಬಿರಾದಾರರ ಜೊತೆಗಿನ ಜೋಡಿ ಕೆಲವು ವರ್ಷ ನಡೆಯಿತು. ಕೊನೆಗೆ ಇಬ್ಬರಿಗೂ ವಯಸ್ಸಾಯಿತು. ನನಗೂ ಆಯಿತು. ತೊಳೆಯುವಾಗ ನಲ್ಲಿಗೆ ತಾಗಿ ನನ್ನ ಅಂಚು ಮುಕ್ಕಾಯಿತು. ತುಟಿ ಇಡುವ ಹಾಗಿಲ್ಲದ ನನ್ನನ್ನು ಮೇಡಂ ಎಸೆಯದೆ ಅಡುಗೆಮನೆಯ ಕಟ್ಟೆಯ ಮೇಲಿಟ್ಟು, ನನ್ನೊಳಗೆ ಚಮಚಗಳನ್ನು ನಿಲ್ಲಿಸಿದರು.

ಕಳೆದ ವರ್ಷ ಒಂದು ಬೆಳಿಗ್ಗೆ ಒಲೆಯ ಸಣ್ಣ ಉರಿಯಲ್ಲಿ ಹಾಲಿಟ್ಟು ಅವರು ಹೊರಕೋಣೆಯಲ್ಲಿ ಪೇಪರ್ ಓದುತ್ತಿದ್ದರು. ಹಾಲು ತಳ ಹಿಡಿಯಿತು. ದಡಬಡ ಓಡಿಬಂದು ಗ್ಯಾಸ್ ಆರಿಸಿದರು. ಆರಿಸಿ, ಹಾಗೇ ನಿಂತುಬಿಟ್ಟರು. ಹಾಲು ಉಕ್ಕಿರಲಿಲ್ಲ, ಸದ್ದಾಗಿರಲಿಲ್ಲ, ಹೊರಕೋಣೆಗೆ ಒಲೆ ಕಾಣುವುದೂ ಇಲ್ಲ.

ಫೋನ್ ಎತ್ತಿಕೊಂಡರು. "ಬಿರಾದಾರ್ರೇ, ನಮ್ಮ ಮನೆಯಲ್ಲಿ ಹಾಲು ಸೀದುಹೋಯ್ತು ಮಾರಾಯ್ರೆ!"

"ಅದಕ್ಕ್ಯಾಕ್ರಿ ಇಷ್ಟು ಖುಷಿ?" ಎಂದಿತು ಆ ಕಡೆಯ ದನಿ. ಅಷ್ಟರಲ್ಲಿ ವಿಷಯ ಹೊಳೆದು, ದನಿ ತಗ್ಗಿಸಿ ಕೇಳಿತು: "ಹ್ಯಾಂಗೈತ್ರಿ ವಾಸನಿ?"

"ಕೆಟ್ಟದ್ದು. ಭಯಂಕರ ಕೆಟ್ಟದ್ದು" ಎಂದು ಮೇಡಂ ಪಾತ್ರೆಯನ್ನು ಮೂಗಿಗೆ ಇನ್ನಷ್ಟು ಹತ್ತಿರ ಹಿಡಿದರು.

ನಾನು ನನ್ನ ಕಾಲದಲ್ಲಿ ಎಷ್ಟೋ ಒಳ್ಳೆಯ ವೈನುಗಳನ್ನು ಹೊತ್ತು ಆ ಮುಖದ ಮುಂದೆ ನಿಂತಿದ್ದೇನೆ. ಯಾವುದಕ್ಕೂ ಅದು ಇಷ್ಟು ಅರಳಿದ್ದನ್ನು ಕಂಡಿಲ್ಲ.