ಎದ್ದವರು, ಕೂತವರು

ಆ ಅಭಿಮಾನಿ ಸಂಘದಲ್ಲಿ ಕೈಯೆತ್ತಿ ಮತ ಹಾಕುವ ಪದ್ಧತಿ ಇರಲಿಲ್ಲ. ಹಿಂದೊಮ್ಮೆ ಯಾರೋ ಆವೇಶದಲ್ಲಿ ಎರಡೂ ಕೈ ಎತ್ತಿ, ಎರಡೂ ಲೆಕ್ಕಕ್ಕೆ ಸೇರಿ, ಅದರಿಂದ ದೊಡ್ಡ ಜಗಳವಾಗಿತ್ತಂತೆ. ಅಂದಿನಿಂದ ಸಭೆ ನಡೆಯುವುದು ಮೈದಾನದ ಪೂರ್ವದ ಗ್ಯಾಲರಿಯಲ್ಲಿ, ಪಂದ್ಯದ ದಿನ ಯಾರು ಎಲ್ಲಿ ಕೂರುತ್ತಾರೋ ಅಲ್ಲೇ. ಬೇಕೆನ್ನುವವರು ಎದ್ದು ನಿಲ್ಲಬೇಕು, ಬೇಡವೆನ್ನುವವರು ಕೂತಿರಬೇಕು. ಎಣಿಸುವವಳು ಗೇಟಕ್ಕ.

ಗೇಟಕ್ಕ ಎಂದರೆ ಮೂರನೇ ನಂಬರ್ ಗೇಟಿನಲ್ಲಿ ಹತ್ತೊಂಬತ್ತು ವರ್ಷದಿಂದ ಟಿಕೆಟ್ ಹರಿಯುತ್ತಿದ್ದ ಹೆಂಗಸು. ಒತ್ತಿದರೆ ಟಕ್ ಎಂದು ಒಂದಂಕಿ ಏರುವ ಪುಟ್ಟ ಉಕ್ಕಿನ ಡಬ್ಬಿಯೊಂದು ಯಾವಾಗಲೂ ಅವಳ ಅಂಗೈಯಲ್ಲಿರುತ್ತಿತ್ತು. ಒಳಗೆ ಹೋದ ತಲೆ ಎಷ್ಟು ಎಂದು ಅವಳು ಹೇಳಿದರೆ ಮುಗಿಯಿತು, ಪೊಲೀಸರೂ ಅದನ್ನೇ ಬರೆದುಕೊಳ್ಳುತ್ತಿದ್ದರು. ಒಂದು ಷರತ್ತು ಮಾತ್ರ ಇತ್ತು. ಎಣಿಸುವವಳಿಗೆ ಮತವಿಲ್ಲ.

ಇಷ್ಟು ವರ್ಷ ಆ ಷರತ್ತು ಅವಳಿಗೆ ಹೊರೆಯೆನಿಸಿರಲಿಲ್ಲ. ಈ ಭಾನುವಾರ ಮಾತ್ರ ಅದು ಚಪ್ಪಲಿಯೊಳಗಿನ ಕಲ್ಲಿನಂತೆ ಚುಚ್ಚುತ್ತಿತ್ತು.

ಕ್ಲಬ್ಬನ್ನು ಕೊಳ್ಳಲು ಹೊರದೇಶದ ಸಿರಿವಂತನೊಬ್ಬ ಮುಂದೆ ಬಂದಿದ್ದ. ಹಡಗು, ಬಂದರು ಎಲ್ಲ ಅವನದ್ದಂತೆ, ಯಾರೂ ಕಂಡವರಿಲ್ಲ. ಜನ ಅವನಿಗೆ ಹಡಗಪ್ಪ ಎಂದು ಹೆಸರಿಟ್ಟಿದ್ದರು. ಆಟಗಾರರಿಗೆ ಎರಡು ತಿಂಗಳಿಂದ ಸಂಬಳವಾಗಿರಲಿಲ್ಲ. ಸೋಮವಾರ ಬೆಳಿಗ್ಗೆ ಹತ್ತರೊಳಗೆ ಕ್ಲಬ್ ತನ್ನ ದಾರಿ ಯಾವುದೆಂದು ತಿಳಿಸದಿದ್ದರೆ ಲೀಗ್‌ನವರು ಹೆಸರು ಹೊಡೆದುಹಾಕುತ್ತಾರೆ. ಸಂಘ ಒಪ್ಪದೆ ಮಾರುವಂತಿಲ್ಲ ಎಂದು ಕ್ಲಬ್ಬಿನ ಹಳೆಯ ಕರಾರಿನಲ್ಲಿತ್ತು. ಹಾಗಾಗಿ ಈ ಸಭೆ.

ಹಡಗಪ್ಪನ ಒಪ್ಪಂದದ ಕಾಗದ ನಲವತ್ತು ಪುಟವಿತ್ತು. ಗೇಟಕ್ಕ ಅದನ್ನು ಎರಡು ಸಲ ಓದಿದ್ದಳು. ಹೊಸ ಗ್ಯಾಲರಿ ಇತ್ತು, ಹುಲ್ಲಿನಡಿ ನೀರು ಬಸಿಯುವ ಕೊಳವೆ ಇತ್ತು, ಕಾರು ನಿಲ್ಲಿಸುವ ಜಾಗದ ಗೆರೆ ಯಾವ ಬಣ್ಣದ್ದೆಂಬುದೂ ಇತ್ತು. ಹೆಣ್ಣುಮಕ್ಕಳ ತಂಡ ಎಲ್ಲೂ ಇರಲಿಲ್ಲ. ಆ ತಂಡದ ಗೋಲ್ ಕೀಪರ್ ಅವಳ ಮಗಳು.

ಬೆಳಿಗ್ಗೆ ಅವಳು ಆ ಕಾಗದ ಹಿಡಿದು ಗ್ಯಾಲರಿಯ ಕೆಳಗಿರುವ ಕಟಿಂಗ್ ಶಾಪಿಗೆ ಹೋಗಿದ್ದಳು. ಶಾಪು ಅವಳ ಅಣ್ಣನದು. ಸಂಘದ ಅಧ್ಯಕ್ಷನೂ ಅವನೇ. ಕುರ್ಚಿಯಲ್ಲಿ ಕ್ರೇನ್ ಓಡಿಸುವವನೊಬ್ಬ ಅರ್ಧ ಮುಖಕ್ಕೆ ನೊರೆ ಬಳಿಸಿಕೊಂಡು ಕೂತಿದ್ದ.

"ನಲವತ್ತು ಪುಟದಲ್ಲಿ ನಿನ್ನ ಶಾಪ್ ಇದೆ ಅಣ್ಣ. ಮೂವತ್ತೊಂದನೇ ಪುಟ. ನಕ್ಷೆಯಲ್ಲಿ ಕತ್ತರಿ ಚಿತ್ರ ಬೇರೆ ಹಾಕಿದ್ದಾರೆ," ಎಂದಳು. "ನಿನ್ನ ಸೋದರಸೊಸೆ ಆಡೋ ತಂಡ ಇಲ್ಲ."

ಅಣ್ಣ ಕತ್ತಿಯನ್ನು ಒರೆಸಿಕೊಂಡ. "ಕೇಳಿದೀನಿ. ಆಮೇಲೆ ಪರಿಶೀಲಿಸ್ತಾರಂತೆ."

"ಪರಿಶೀಲಿಸೋದು ಅಂದ್ರೆ ಏನಂತ ನನಗೂ ಗೊತ್ತು, ನಿನಗೂ ಗೊತ್ತು."

"ಅಲ್ಲ ಅಕ್ಕ," ಎಂದ ಕ್ರೇನಿನವನು, ನೊರೆ ಬಾಯಿಗೆ ಹೋಗದಂತೆ ತುಟಿ ಸೊಟ್ಟ ಮಾಡಿ. "ನಾಲ್ಕು ವರ್ಷದಿಂದ ಕೆಳಗಿನ ಡಿವಿಷನ್‌ನಲ್ಲಿ ಕೊಳೀತಾ ಇದೀವಿ. ಕೊಡೋನು ಬಂದಾಗ ಜೋಳಿಗೆ ಹರಿದಿದೆ ಅಂತ ಕೂತ್ಕೋಬೇಕಾ?"

"ನಿನ್ನ ಜೋಳಿಗೆ ಹೊಲಿಸ್ಕೊ, ನನ್ನ ಮಗಳ ಬಟ್ಟೆ ಹರಿದು ಹೊಲೀಬೇಡ."

ಅಣ್ಣ ನಗಲಿಲ್ಲ. "ನೋಡು ಕಣೇ, ಮರವೇ ಬಿದ್ದುಹೋದ್ರೆ ನಿನ್ನ ಕೊಂಬೆ ಎಲ್ಲಿ ನಿಲ್ಲುತ್ತೆ? ಸೋಮವಾರ ಕ್ಲಬ್ ಮುಚ್ಚಿದ್ರೆ ಹುಡುಗರ ತಂಡವೂ ಇಲ್ಲ, ಹುಡುಗಿಯರದ್ದೂ ಇಲ್ಲ. ಶಾಪ್ ಕಥೆ ಎತ್ತಬೇಡ. ಶಾಪ್‌ಗೋಸ್ಕರ ನಾನು ಎದ್ದು ನಿಲ್ತೀನಿ ಅಂತ ನೀನೂ ಅನ್ಕೊಂಡ್ರೆ ಇನ್ನು ಊರಿನವರ ಬಾಯಿಗೆ ಏನು ಹೇಳ್ಲಿ."

ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ, ಅದೇ ಅವಳನ್ನು ಕೆರಳಿಸಿತು. ಬಾಗಿಲ ಬಳಿ ಹೋಗಿ ತಿರುಗಿ ನಿಂತಳು.

"ಮೂರು ಗಂಟೆಗೆ ಸಭೆ ಕರೆದಿದೀಯ. ಭಾನುವಾರ ಮೂರು ಗಂಟೆಗೆ ಮೈದಾನದಲ್ಲಿ ಯಾರಿರ್ತಾರೆ ಗೊತ್ತಾ?"

"ಯಾರೂ ಇರಲ್ಲ. ಖಾಲಿ ಇರುತ್ತೆ ಅಂತಾನೇ ಕರೆದಿದ್ದು."

"ಹುಡುಗಿಯರು ಇರ್ತಾರೆ ಅಣ್ಣ. ಮೂರು ವರ್ಷದಿಂದ."

ಕತ್ತಿ ಹಿಡಿದ ಕೈ ಕ್ರೇನಿನವನ ಕೆನ್ನೆಯ ಮೇಲೆ ಒಂದು ಕ್ಷಣ ನಿಂತಿತು. "ಆಡಿಕೊಳ್ಳಲಿ ಬಿಡು," ಎಂದ ಅಣ್ಣ ಕೊನೆಗೆ. "ನಮಗೇನು ಅಡ್ಡಿ."

ಮೂರಕ್ಕೆ ಸರಿಯಾಗಿ ಇನ್ನೂರ ಹನ್ನೊಂದು ಜನ ಒಳಗೆ ಬಂದಿದ್ದರು. ಗೇಟಿನಲ್ಲೇ ಒಬ್ಬೊಬ್ಬರಿಗೂ ಡಬ್ಬಿ ಒತ್ತಿ ಗೇಟಕ್ಕ ಒಳಬಿಟ್ಟಿದ್ದಳು. ನೂರಾ ಆರು ಜನ ಎದ್ದರೆ ಕ್ಲಬ್ ಹಡಗಪ್ಪನದು. ಬೆಂಚುಗಳ ಹದಿನೆಂಟು ಸಾಲು. ಹಿಂದಿನ ಸಾಲಿನವರ ಉಸಿರು ಮುಂದಿನವರ ಕುತ್ತಿಗೆಗೆ ತಾಗುವಂತಿತ್ತು. ಕೆಳಗೆ ಮೈದಾನದಲ್ಲಿ ಹೆಣ್ಣುಮಕ್ಕಳು ಎರಡು ಪಾಲಾಗಿ ಆಡುತ್ತಿದ್ದರು. ಅವಳ ಮಗಳು ಈ ತುದಿಯ ಗೋಲಿನಲ್ಲಿ, ತನಗೆ ದೊಡ್ಡದಾದ ಹಳದಿ ಕೈಗವಸು ಹಾಕಿಕೊಂಡು, ಬೆನ್ನು ತೋರಿಸಿ ನಿಂತಿದ್ದಳು.

ಹಡಗಪ್ಪನ ಕಡೆಯಿಂದ ಬಂದ ಪ್ರತಿನಿಧಿ ಚಿಕ್ಕ ವಯಸ್ಸಿನವನು, ಮರ್ಯಾದಸ್ತ. ಎಲ್ಲರಿಗೂ ಬಾಗಿ ಬಾಗಿ ವಂದಿಸಿ, ಬೇಲಿಯ ಬಳಿ ಫೋನ್ ಹಿಡಿದು ನಿಂತ.

ವಾದ ಸುಮಾರು ಹೊತ್ತು ನಡೆಯಿತು. ಆರನೇ ಸಾಲಿನಿಂದ ನಿವೃತ್ತ ಗಣಿತದ ಮೇಷ್ಟ್ರು ಕೂತಲ್ಲಿಂದಲೇ ಕೇಳಿದರು: "ಹಣ ಯಾರದ್ದು, ಎಲ್ಲಿಂದ ಬಂತು, ನಾಳೆ ಅವನಿಗೆ ಬೇಜಾರಾದ್ರೆ ನಾವೆಲ್ಲಿ ಹೋಗಬೇಕು, ಇದಕ್ಕೆ ಯಾವ ಪುಟದಲ್ಲಿ ಉತ್ತರ ಇದೆ?"

"ಮೇಷ್ಟ್ರೇ, ಈಗಿನ ಮಾಲೀಕ ನಮ್ಮೂರಿನವನೇ," ಎಂದ ಕ್ರೇನಿನವನು. "ನುಂಗಿ ನೀರು ಕುಡಿದವನು ಅವನು. ಪರದೇಶದವನು ಇನ್ನೂ ಏನೂ ನುಂಗಿಲ್ಲ."

"ಹಸಿವಾಗಿಲ್ಲ ಅಷ್ಟೇ."

ಅಲ್ಲಲ್ಲಿ ನಗು ಎದ್ದು ಬೇಗನೆ ಆರಿತು. ಒಬ್ಬ ಇನ್ನೊಬ್ಬನ ತೋಳು ಹಿಡಿದು ಕೆಳಗೆಳೆದ. ಅಣ್ಣತಮ್ಮಂದಿರಂತಿದ್ದ ಇಬ್ಬರು ಬೆಂಚಿನ ಎರಡು ತುದಿಗೆ ಸರಿದು ಕೂತಿದ್ದನ್ನು ಗೇಟಕ್ಕ ನೋಡಿದಳು. ಹೆಣ್ಣುಮಕ್ಕಳ ತಂಡದ ಮಾತನ್ನು ಯಾರೂ ಎತ್ತಲಿಲ್ಲ. ಬಾಯಿ ಅವಳದ್ದೇ ಕಟ್ಟಿತ್ತು. ಎಣಿಸುವವಳು ವಾದಕ್ಕಿಳಿದರೆ ಎಣಿಕೆಯನ್ನು ನಂಬುವವರು ಯಾರು?

"ಸಾಕು," ಎಂದ ಅಣ್ಣ, ಕೊನೆಯ ಸಾಲಿನ ತನ್ನ ಜಾಗದಿಂದ. "ಬೇಕೆನ್ನೋರು ಏಳಿ. ಎಣಿಕೆ ಮುಗಿಯೋ ತನಕ ಯಾರೂ ಕದಲಬೇಡಿ."

ಬಟ್ಟೆಯ ಸರಬರ ಸದ್ದು ಮೇಲಿನವರೆಗೂ ಹರಿಯಿತು. ಎದ್ದವರು ಯಾರ ಮುಖವನ್ನೂ ನೋಡದೆ ನೇರ ಮುಂದೆ ನೋಡಿದರು, ಕೂತವರು ಮೊಣಕಾಲು ನೋಡಿಕೊಂಡರು. ಗೇಟಕ್ಕ ಮೊದಲ ಸಾಲಿನಿಂದ ಹೊರಟಳು. ಟಕ್, ಟಕ್. ನಾಲ್ಕನೇ ಸಾಲು ದಾಟುವಾಗ ಮೂವತ್ತೆರಡು. ಒಂಬತ್ತನೇ ಸಾಲಿಗೆ ಎಪ್ಪತ್ತೊಂದು. ಹೀಗೇ ಹೋದರೆ ನೂರಾ ಆರು ಯಾವ ಮಹಾ.

ಆಗಲೇ ಕೆಳಗೆ ಸೀಟಿ ಕೇಳಿತು. ಪೆನಾಲ್ಟಿ. ಅವಳು ನೋಡಬಾರದೆಂದುಕೊಂಡೇ ತಿರುಗಿದಳು. ಉದ್ದ ಜಡೆಯ ಹುಡುಗಿಯೊಬ್ಬಳು ಓಡಿಬಂದು ಒದ್ದಳು. ಹಳದಿ ಕೈಗವಸು ಚೆಂಡಿಗೆ ತಾಗಿತು. ಚೆಂಡು ಮೇಲಿನ ಕಂಬಕ್ಕೆ ಬಡಿದು ಮರಳಿ ಬಂತು. ಇನ್ನೊಬ್ಬಳು ತಲೆಯಿಂದ ಹೊಡೆದಳು. ನೆಲಕ್ಕೆ ಬಿದ್ದಿದ್ದ ಗೋಲ್ ಕೀಪರ್ ಗೆರೆಯ ಮೇಲಿಂದ ಅದನ್ನು ಹಿಮ್ಮಡಿಯಲ್ಲಿ ಹೊರಗೆಳೆದಳು.

ಗ್ಯಾಲರಿ ಪೂರ್ತಿ ಎದ್ದು ನಿಂತಿತು.

ಯಾರೂ ಯೋಚಿಸಿ ಎದ್ದಿದ್ದಲ್ಲ. ಜೀವಮಾನವೆಲ್ಲ ಅದೇ ಬೆಂಚಿನ ಮೇಲೆ ಕೂತು ಗೋಲಿನ ಬಾಯಲ್ಲಿ ಚೆಂಡು ಕಂಡಾಗ ಎದ್ದ ಕಾಲುಗಳು, ಅಷ್ಟೇ. ಹೋ ಎಂಬ ಒಂದೇ ಕೂಗು. ಸೊಂಟ ನೋವಿನ ಮೇಷ್ಟ್ರು ಕೂಡ ಮುಂದಿನವನ ಹೆಗಲು ಹಿಡಿದು ನಿಂತಿದ್ದರು. ಬೇಲಿಯ ಬಳಿ ಪ್ರತಿನಿಧಿ ಫೋನ್ ಎತ್ತಿದ್ದ. ಅವನು ಇಡೀ ಹೊತ್ತು ಮೈದಾನಕ್ಕೆ ಬೆನ್ನು ಮಾಡಿಯೇ ನಿಂತಿದ್ದ.

"ಇಷ್ಟು ಒಗ್ಗಟ್ಟು ನಾನು ಎಲ್ಲೂ ನೋಡಿಲ್ಲ," ಎಂದ, ಕಣ್ಣು ಹೊಳೆಯುತ್ತಿತ್ತು. "ಫೋಟೋ ಕಳಿಸಿಬಿಟ್ಟೆ. ಯಜಮಾನರು ನೋಡಿಯೂ ಆಯ್ತು. ತುಂಬಾ ಸಂತೋಷ ಅಂತ ಬರೆದಿದ್ದಾರೆ."

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೆಲವರು ತಪ್ಪು ಮಾಡಿ ಸಿಕ್ಕಿಬಿದ್ದವರಂತೆ ಧೊಪ್ಪನೆ ಕೂತರು. ಕೆಲವರು ಕೂರಲೋ ಬೇಡವೋ ಎಂದು ಅರ್ಧಕ್ಕೆ ಬಾಗಿ ನಿಂತರು.

"ನಾನು ಎದ್ದಿದ್ದು ಆ ಹುಡುಗಿಗೆ," ಎಂದರು ಮೇಷ್ಟ್ರು, ಏದುಸಿರು ಬಿಡುತ್ತ. "ನಿಮ್ಮ ಯಜಮಾನರಿಗಲ್ಲ."

ಅಣ್ಣ ಮೆಟ್ಟಿಲಿಳಿದು ತಂಗಿಯ ಪಕ್ಕ ಬಂದ. ಅವನ ಕೈಯಲ್ಲಿ ಎಣಿಕೆಯ ಕಾಗದ; ಅವಳ ಸಹಿ ಇಲ್ಲದೆ ಅದು ನಡೆಯುವುದಿಲ್ಲ. ದನಿ ತಗ್ಗಿಸಿದ. "ಎಲ್ಲರೂ ಎದ್ದಿದ್ದು ನಿಜ ತಾನೆ? ಇನ್ನೂರ ಹನ್ನೊಂದು ಅಂತ ಬರಿ. ಜಗಳ ಇಲ್ದೆ ಮುಗಿಯುತ್ತೆ. ಹೇಗೂ ನೂರಾ ಆರು ದಾಟ್ತಿತ್ತು, ನಿನಗೂ ಕಾಣಿಸ್ತಿತ್ತು."

"ದಾಟಿದ್ರೆ ಬರೀತೀನಿ."

"ಕತ್ತಲಾಗೋ ತನಕ ಎಣಿಸ್ತೀಯಾ? ಆಟ ನಡೀತಾನೇ ಇದೆ, ಚೆಂಡು ಬಂದಾಗೆಲ್ಲ ಇವರು ಏಳ್ತಾರೆ."

ಅದೂ ನಿಜವೇ. ಗೇಟಕ್ಕ ಬೇಲಿಯವರೆಗೆ ಹೋಗಿ ಮಗಳನ್ನು ಕೂಗಿದಳು. "ಚೆಂಡು ಕೈಯಲ್ಲಿ ಹಿಡ್ಕೊ. ಎಲ್ಲರೂ ನಿಲ್ಲಿ. ನಾನು ಹೇಳೋ ತನಕ ಆಡಬೇಡಿ."

"ಯಾಕಮ್ಮ? ನಮ್ದು ಇನ್ನೂ ಅರ್ಧ ಗಂಟೆ ಇದೆ."

"ಮತ ಎಣಿಸ್ಬೇಕು."

"ಯಾವುದರ ಮತ?"

ಕೇಳಿದಳೇ ಹೊರತು ಮಗಳು ಉತ್ತರಕ್ಕೆ ಕಾಯಲಿಲ್ಲ, ಅವಳಿಗೆ ಮನೆಯಲ್ಲೇ ಎಲ್ಲ ಕೇಳಿಸಿತ್ತು. ಚೆಂಡನ್ನು ಹೊಟ್ಟೆಗವಚಿಕೊಂಡು ಗ್ಯಾಲರಿಯ ಕಡೆ ತಿರುಗಿದಳು. ಉಳಿದವರೂ ಒಬ್ಬೊಬ್ಬರೇ ಬಂದು ಅವಳ ಅಕ್ಕಪಕ್ಕ ನಿಂತರು. ಇಪ್ಪತ್ತೆರಡು ಹುಡುಗಿಯರು, ಬೆವರು ಒರೆಸಿಕೊಳ್ಳುತ್ತ, ಸುಮ್ಮನೆ ಮೇಲೆ ನೋಡತೊಡಗಿದರು.

ಗೇಟಕ್ಕ ಡಬ್ಬಿಯನ್ನು ಸೊನ್ನೆಗೆ ತಿರುಗಿಸಿದಳು. ತನ್ನ ಹೆಬ್ಬೆರಳನ್ನೇ ನೋಡಿಕೊಂಡಳು. ನಾಲ್ಕೈದು ಕಡೆ ಅದು ಸುಮ್ಮನಿದ್ದರೆ ಯಾರಿಗೆ ಗೊತ್ತಾಗುತ್ತದೆ? ಹತ್ತೊಂಬತ್ತು ವರ್ಷ ಯಾರೂ ಅವಳ ಬೆನ್ನ ಹಿಂದೆ ಎಣಿಸಿಲ್ಲ.

"ಬನ್ನಿ," ಎಂದಳು ಪ್ರತಿನಿಧಿಗೆ. "ನಾನು ಎದ್ದವರನ್ನ ಎಣಿಸ್ತೀನಿ, ನೀವು ಕೂತವರನ್ನ ಎಣಿಸಿ. ಕೂಡಿದಾಗ ಇನ್ನೂರ ಹನ್ನೊಂದು ಬರಬೇಕು."

ಅವನು ಫೋನನ್ನು ಜೇಬಿಗೆ ಹಾಕಿಕೊಂಡ.

ಅಣ್ಣ ತನ್ನ ಜಾಗಕ್ಕೆ ಮರಳಿ ಮತ್ತೆ ಕೂಗಿದ, "ಬೇಕೆನ್ನೋರು ಏಳಿ." ಈ ಸಲ ಎದ್ದವರಿಗೆ ನೇರ ಮುಂದೆ ನೋಡಲಾಗಲಿಲ್ಲ, ಅಲ್ಲಿ ಹುಡುಗಿಯರಿದ್ದರು. ಮೂರನೇ ಸಾಲಿನಲ್ಲಿ ಒಬ್ಬ ಎದ್ದು, ಕೆಮ್ಮಿ, ಕೂತ. ಒಂಬತ್ತನೇ ಸಾಲಿಗೆ ಐವತ್ತೆಂಟು. ಹದಿಮೂರಕ್ಕೆ ಎಂಬತ್ತನಾಲ್ಕು, ಆ ನಾಲ್ಕು ಸಾಲುಗಳಲ್ಲಿ ಎದ್ದವರೇ ಹೆಚ್ಚು. ಕ್ರೇನಿನವನು ಸೊಂಟದ ಮೇಲೆ ಕೈಯಿಟ್ಟು ಗಟ್ಟಿಯಾಗಿ ನಿಂತಿದ್ದ. "ನನ್ನನ್ನ ಸರಿಯಾಗಿ ಒತ್ತಕ್ಕ," ಎಂದ. ಒತ್ತಿದಳು. ಹದಿನೇಳನೇ ಸಾಲು ಮುಗಿದಾಗ ತೊಂಬತ್ತೇಳು. ಕೊನೆಯ ಸಾಲಿನಲ್ಲಿ ಹತ್ತು ಜನ.

ಅವಳು ಆ ಸಾಲನ್ನು ನಿಧಾನವಾಗಿ ದಾಟಿದಳು. ತೊಂಬತ್ತೆಂಟು. ಇಬ್ಬರು ಕೂತಿದ್ದರು. ತೊಂಬತ್ತೊಂಬತ್ತು, ನೂರು, ನೂರಾ ಒಂದು. ಮತ್ತಿಬ್ಬರು ಕೂತಿದ್ದರು. ಅವರ ಆಚೆ ಬಡಗಿಯೊಬ್ಬ ನಿಂತಿದ್ದ, ನೂರಾ ಎರಡು. ತುದಿಯಲ್ಲಿ ಅಣ್ಣ. ಅವನೂ ನಿಂತೇ ಇದ್ದ. ಅವಳನ್ನು ನೋಡುತ್ತಿರಲಿಲ್ಲ, ಕೆಳಗೆ ಚೆಂಡು ಹಿಡಿದ ಸೊಸೆಯನ್ನು ನೋಡುತ್ತಿದ್ದ.

"ಕೂರಲ್ವಾ?" ಎಂದಳು, ಅವನಿಗಷ್ಟೇ ಕೇಳುವಂತೆ.

"ಕೂತ್ರೆ ಸುಳ್ಳಾಗುತ್ತೆ."

ಟಕ್. ನೂರಾ ಮೂರು.

ಪ್ರತಿನಿಧಿ ಹಿಂದೆಯೇ ಬಂದು ನಿಂತ. ಹಣೆಯ ಬೆವರು ಒರೆಸಿಕೊಂಡು ಹೇಳಿದ, "ನೂರಾ ಎಂಟು." ಇನ್ನೊಮ್ಮೆ ಮನಸ್ಸಿನಲ್ಲೇ ಕೂಡಿಸಿ ತಲೆಯಾಡಿಸಿದ.

ನೂರಾ ಆರಕ್ಕೆ ಮೂರು ಕಡಿಮೆಯೆಂದು ಅಂಕಿಯನ್ನು ಅಣ್ಣನೇ ಕೂಗಿ ಹೇಳಿದ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಗೆದ್ದವರ ಮುಖವೂ ಸೋತವರಂತೆಯೇ ಇತ್ತು. ನಾಳೆ ಸೋಮವಾರವೆಂಬುದು ಈಗ ಎಲ್ಲರಿಗೂ ಒಟ್ಟಿಗೆ ನೆನಪಾದಂತಿತ್ತು. ಪ್ರತಿನಿಧಿ ಮೆಟ್ಟಿಲಿಳಿಯುತ್ತ, ಫೋನ್ ತೆಗೆದು, ಏನು ಬರೆಯಬೇಕೆಂದು ತೋಚದೆ ಬೆರಳು ಎತ್ತಿ ಹಿಡಿದಿದ್ದ.

ಗೇಟಕ್ಕ ಬೆಂಚಿನ ಮೇಲೆ ಕಾಗದವಿಟ್ಟು ಸಹಿ ಹಾಕಿದಳು. ಅಣ್ಣ ಅದನ್ನು ಮಡಿಸಿ ಅಂಗಿಯ ಜೇಬಿಗಿಟ್ಟುಕೊಂಡ.

"ನಾಳೆ ಆರು ಗಂಟೆಗೇ ಶಾಪ್ ತೆಗೀತೀನಿ," ಎಂದ. "ಬಾ. ಲೀಗ್‌ನವರಿಗೆ ಕಾಗದ ಬರೀಬೇಕು. ದುಡ್ಡಿಲ್ಲ, ಹೊಸ ಮಾಲೀಕನೂ ಇಲ್ಲ, ಆದ್ರೂ ನಮ್ಮನ್ನ ತೆಗೀಬೇಡಿ ಅಂತ. ಅದನ್ನ ಹೇಗೆ ಬರೀತಾರೋ ನನಗೆ ಗೊತ್ತಿಲ್ಲ. ಗೆಲ್ಲಿಸಿದೋಳು ನೀನು, ನೀನೇ ಬರಿ."

"ನಾನು ಗೆಲ್ಲಿಸಲಿಲ್ಲ. ಎಣಿಸಿದೆ."

"ಹಾಗಾದ್ರೆ ಅದನ್ನೂ ಬರಿ," ಎಂದ ಅಣ್ಣ, ಮತ್ತು ಅವಳ ಪಕ್ಕದಲ್ಲೇ ಬೆಂಚಿನ ಮೇಲೆ ಭಾರವಾಗಿ ಕುಸಿದು ಕೂತ.