ಕೊಕ್ಕರೆ ಕಂಪನಿಯ ಕೊನೆಯ ವಿಮಾನ

ಕೊಕ್ಕರೆ ಕಂಪನಿಗೆ ಕೆಟ್ಟ ಕಾಲ ಬಂದದ್ದು ಅಕ್ಕನಿಗೆ ಮೊದಲು ಕಂಡದ್ದು ಊಟದ ತಟ್ಟೆಗಳಲ್ಲಿ. ವಿಮಾನ ನಿಲ್ದಾಣದ ಹಿಂಬದಿಯ ಅಡುಗೆಮನೆಯಲ್ಲಿ ಪ್ರಯಾಣಿಕರ ತಟ್ಟೆ ಜೋಡಿಸುವುದು ಅವಳ ಕೆಲಸ. ಮೊದಲು ತಟ್ಟೆಯಿಂದ ಕೇಕಿನ ತುಂಡು ಮಾಯವಾಯಿತು. ಆಮೇಲೆ ಬೆಣ್ಣೆ ಹೋಯಿತು. ಬಿಸಿ ಊಟದ ಜಾಗಕ್ಕೆ ತಣ್ಣನೆಯ ಬ್ರೆಡ್ಡು ಬಂತು. ಬ್ರೆಡ್ಡಿನ ನಡುವಿನ ಮೊಟ್ಟೆ ದಿನದಿಂದ ದಿನಕ್ಕೆ ತೆಳ್ಳಗಾಗುತ್ತ, ಹಿಡಿದು ನೋಡಿದರೆ ಆಚೆ ಬದಿ ಕಾಣುವಂತಾಯಿತು. ಕಡೆಕಡೆಗೆ ತಟ್ಟೆಯೂ ಇಲ್ಲ, ಬರೀ ನೀರಿನ ಬಾಟಲಿ. ಇನ್ನು ಪ್ರಯಾಣಿಕರೇ ಬುತ್ತಿ ತಂದು ಪೈಲಟ್ಟಿಗೂ ಒಂದು ತುತ್ತು ಹಾಕಬೇಕು ಎಂದು ಅಡುಗೆಯವರು ನಗುತ್ತಿದ್ದರು. ನಗುವಾಗ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ.

ಕಂಪನಿಗೆ ಬೇರೆ ದೊಡ್ಡ ಹೆಸರಿತ್ತು. ಆದರೆ ವಿಮಾನಗಳ ಬಾಲದ ಮೇಲೆ ರೆಕ್ಕೆ ಬಿಚ್ಚಿದ ನೀಲಿ ಕೊಕ್ಕರೆಯ ಚಿತ್ರವಿದ್ದದ್ದರಿಂದ ಜನರ ಬಾಯಲ್ಲಿ ಅದು ಕೊಕ್ಕರೆ ಕಂಪನಿಯೇ. ಅಕ್ಕನ ಮನೆಯ ಒಲೆ ಉರಿಯುತ್ತಿದ್ದದ್ದೆಲ್ಲ ಅದರಿಂದಲೇ. ಅವಳ ಗಂಡ ವಿಮಾನ ರಿಪೇರಿಯ ಹ್ಯಾಂಗರಿನಲ್ಲಿ ಹಿರಿಯ ಮೆಕ್ಯಾನಿಕ್. ಅಲ್ಲಿ ಅವನನ್ನು ಎಲ್ಲರೂ ಮೇಸ್ತ್ರಿ ಎನ್ನುತ್ತಿದ್ದರು. ಯಂತ್ರದೊಂದಿಗೆ ಗಂಟೆಗಟ್ಟಲೆ ಗೊಣಗಿಕೊಂಡಿರುವವನು ಮನುಷ್ಯರ ಎದುರು ತುಟಿ ಬಿಚ್ಚುತ್ತಿರಲಿಲ್ಲ. ನಾಲ್ಕು ಜನ ಸೇರಿದಲ್ಲಿ ಅವನಿಗೆ ಉಸಿರು ಕಟ್ಟಿದಂತಾಗುತ್ತಿತ್ತು.

ಅವಳ ತಮ್ಮ ಇದಕ್ಕೆ ತದ್ವಿರುದ್ಧ. ತಾಯಿ ಹೋದಮೇಲೆ ಅವನನ್ನು ಸಾಕಿದವಳು ಅಕ್ಕನೇ. ಅವಳು ಮದುವೆಯಾಗಿ ಬಂದಾಗ ಅವನೂ ಅವಳ ಪೆಟ್ಟಿಗೆಯ ಜೊತೆಗೇ ಬಂದ. ಭಾವ ಅವರಿವರ ಕೈಕಾಲು ಹಿಡಿದು ಅವನಿಗೆ ಸಾಮಾನು ತೂಗುವ ಕೆಲಸ ಕೊಡಿಸಿದ. ಉಳಿದದ್ದನ್ನೆಲ್ಲ ಅವನು ನಾಲಗೆಯ ಬಲದಿಂದ ಸಂಪಾದಿಸಿಕೊಂಡ. ಕೆಲವೇ ವರ್ಷಗಳಲ್ಲಿ ಟಿಕೆಟ್ ಕೌಂಟರಿಗೇ ಮುಖ್ಯಸ್ಥನಾದ, ಮದುವೆಯಾಗಿ ಬೇರೆ ಮನೆ ಮಾಡಿದ. ಅಳುವ ಮಗುವನ್ನೂ ಉರಿಯುವ ವ್ಯಾಪಾರಿಯನ್ನೂ ಒಂದೇ ಮಾತಲ್ಲಿ ತಣ್ಣಗೆ ಮಾಡುತ್ತಿದ್ದ. ವಿಮಾನ ತಡವಾದರೆ ಮ್ಯಾನೇಜರು ಕೋಣೆ ಸೇರುತ್ತಿದ್ದರು, ತಮ್ಮ ಮಾತ್ರ ಮುಂದೆ ಬಂದು ನಿಲ್ಲುತ್ತಿದ್ದ. ಕಂಪನಿ ಎಂದರೆ ಅವನಿಗೆ ಜೀವ. ಬೇರೆಯವರ ವಿಮಾನ ಹತ್ತಿದವರನ್ನು ನೆಂಟರಾದರೂ ಸರಿ, ಒಂದು ವಾರ ಮಾತಾಡಿಸುತ್ತಿರಲಿಲ್ಲ.

ಬಾಡಿಗೆಗೆ ತಂದಿದ್ದ ವಿಮಾನಗಳನ್ನು ಅವುಗಳ ಒಡೆಯರು ಬಂದು ಒಂದೊಂದಾಗಿ ಹಾರಿಸಿಕೊಂಡು ಹೋದರು. ಉಳಿದವು ಕಂಪನಿಯ ಸ್ವಂತದ ಹಳೆಯವು. ಹೊಸ ಬಿಡಿಭಾಗ ತರಿಸುವ ಗತಿ ಇರಲಿಲ್ಲ. ಹೀಗಾಗಿ ನಿಂತ ವಿಮಾನದ್ದನ್ನು ಬಿಚ್ಚಿ ಹಾರುವುದಕ್ಕೆ ಹಾಕುವುದು, ಅದೂ ನಿಂತರೆ ಅದರದ್ದನ್ನು ಬಿಚ್ಚಿ ಇನ್ನೊಂದಕ್ಕೆ ಹಾಕುವುದು. ಒಬ್ಬನ ಕಣ್ಣು ಕಿತ್ತು ಇನ್ನೊಬ್ಬನಿಗೆ ಇಡುವ ಕೆಲಸವಾಗಿದೆ ಎಂದು ಮೇಸ್ತ್ರಿ ಒಂದು ದಿನ ಊಟಕ್ಕೆ ಕೂತಾಗ ಹೇಳಿ, ಅರ್ಧಕ್ಕೇ ಎದ್ದುಹೋದ. ಕೊನೆಗೆ ಹಾರುವ ಸ್ಥಿತಿಯಲ್ಲಿ ಉಳಿದದ್ದು ಒಂದೇ ವಿಮಾನ. ಕೊಕ್ಕರೆ ಒಂಟಿ ಕಾಲಲ್ಲಿ ನಿಂತಿದೆ ಎಂದು ಊರೆಲ್ಲ ಆಡಿಕೊಂಡಿತು.

ಆಗಲೇ ಒಂದು ಸುದ್ದಿ ಹಬ್ಬಿತು. ಯಾರೋ ದೊಡ್ಡ ಕುಳ ಕಂಪನಿಯನ್ನು ಕೊಳ್ಳಲು ಮನಸ್ಸು ಮಾಡಿದ್ದಾನಂತೆ, ಆ ವಾರವೇ ನೋಡಲು ಬರುತ್ತಾನಂತೆ. ಸುದ್ದಿ ನಿಜವೋ, ನೌಕರರು ಓಡಿಹೋಗದಿರಲೆಂದು ಮೇಲಿನವರೇ ತೇಲಿಬಿಟ್ಟದ್ದೋ, ಇವತ್ತಿಗೂ ಯಾರಿಗೂ ಗೊತ್ತಿಲ್ಲ. ತಮ್ಮ ಮಾತ್ರ ಅದನ್ನು ಗಟ್ಟಿಯಾಗಿ ಹಿಡಿದುಕೊಂಡ.

"ಈ ವಾರ ಒಂದು ದಾಟಿಸಿಬಿಟ್ರೆ ಸಾಕಕ್ಕ," ಎಂದ, ಅಡುಗೆಮನೆಯ ಬಾಗಿಲಲ್ಲಿ ನಿಂತು. "ಹಾರ್ತಿರೋ ಕಂಪನಿಯನ್ನ ಯಾರಾದ್ರೂ ಕೊಳ್ತಾರೆ. ನಿಂತುಹೋಗಿದ್ದನ್ನ ಯಾರು ಕೊಳ್ತಾರೆ ಹೇಳು?"

ಆ ವಾರದ ನಡುವೆಯೇ ಆ ಒಂಟಿ ವಿಮಾನದ ಪಂಪೊಂದು ಕೆಟ್ಟಿತು. ಇಳಿಯುವಾಗ ಬ್ರೇಕಿಗೆ ಒತ್ತಡ ಕೊಡುವ ಪಂಪು ಅದು. ಹುಲ್ಲಿನಲ್ಲಿ ನಿಂತಿದ್ದ ಇನ್ನೊಂದು ವಿಮಾನದಿಂದ ಬಿಚ್ಚಿ ತಂದು ಹಾಕಿದರು. ಹಾಕಿ ಓಡಿಸಿ ನೋಡಿದರೆ ಸರಿಯಾಗಿಯೇ ಓಡಿತು. ಆದರೆ ಒಮ್ಮೊಮ್ಮೆ ಒಂದು ಸಣ್ಣ ಕೀರಲು ದನಿ ಬರುತ್ತಿತ್ತು. ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಹ್ಯಾಂಗರಿನ ಹುಡುಗರು ಕಿವಿಗೊಟ್ಟು, ಇದೇನು ಮಹಾ ಎಂದರು. ವಿಮಾನ ಹಾರಬಹುದು ಎಂದು ಸಹಿ ಹಾಕುವ ಅಧಿಕಾರವಿದ್ದ ಉಳಿದವರೆಲ್ಲ ಕೆಲಸ ಬಿಟ್ಟು ಹೋಗಿದ್ದರು. ಇದ್ದವನು ಮೇಸ್ತ್ರಿ ಒಬ್ಬನೇ. ಅವನು ಇನ್ನೊಮ್ಮೆ ಬಿಚ್ಚಿದ, ಇನ್ನೊಮ್ಮೆ ಜೋಡಿಸಿದ. ಬೆಳಗಾಗಿ ಬಿಸಿಲೇರಿತು. ಅತ್ತ ಜನ ಟಿಕೆಟ್ ಹಿಡಿದು ಕಾದಿದ್ದರು. ಮ್ಯಾನೇಜರು ಬಂದು ಮೊದಲು ಗದರಿದರು, ಆಮೇಲೆ ಬೇಡಿಕೊಂಡರು. ತಮ್ಮ ಕೌಂಟರಿನಿಂದ ಫೋನ್ ಮಾಡಿದ. ಮೇಸ್ತ್ರಿ ಹೇಳಿದ್ದು ಇಷ್ಟೇ, ಆಗಲ್ಲ. ಫೋನ್ ಇಟ್ಟ.

ಆಮೇಲೆ ನಡೆದದ್ದನ್ನು ಅಕ್ಕ ಕಣ್ಣಾರೆ ನೋಡಲಿಲ್ಲ, ಕಿವಿಯಾರೆ ಕೇಳಿದಳು. ಅಡುಗೆಮನೆಗೂ ಕೌಂಟರಿಗೂ ನಡುವೆ ಇದ್ದದ್ದು ಒಂದು ಓಣಿ ಮಾತ್ರ. ಇವತ್ತು ವಿಮಾನ ಹೊರಡುವುದಿಲ್ಲ ಎಂದು ತಮ್ಮ ಮೈಕಿನಲ್ಲಿ ಹೇಳಿದ. ಆಮೇಲೆ ಗದ್ದಲ ಎದ್ದಿತು. ಯಾರದೋ ಪರೀಕ್ಷೆ, ಯಾರದೋ ಮದುವೆ, ಅಪ್ಪನ ಮುಖ ಕಡೆಯ ಸಲ ನೋಡಲು ಹೊರಟ ಹೆಂಗಸೊಬ್ಬಳ ಅಳು. ಆ ಗದ್ದಲದ ನಡುವೆ ತಮ್ಮನ ದನಿ ಸ್ವಲ್ಪ ಹೊತ್ತು ತೇಲುತ್ತಿತ್ತು, ಆಮೇಲೆ ಮುಳುಗಿತು. ಗಾಜು ಒಡೆದ ಸದ್ದಾಯಿತು. ಅಡುಗೆಯವರು ಓಡಿಬಂದು ಶಟರ್ ಎಳೆದರು. ಅಕ್ಕ ಶಟರಿನ ಒಳಗೆ, ಜೋಡಿಸಿಟ್ಟ ಖಾಲಿ ತಟ್ಟೆಗಳ ಪಕ್ಕ ಕೂತುಬಿಟ್ಟಳು.

ತಮ್ಮನ ಟೈ ಹಿಡಿದು ಎಳೆದಿದ್ದರು. ಕನ್ನಡಕ ಪುಡಿಯಾಗಿತ್ತು. ಯಾರೋ ಕೆನ್ನೆಗೆ ಹೊಡೆದಿದ್ದರು.

ಕಂಪನಿ ಮತ್ತೆ ಬಾಗಿಲು ತೆರೆಯಲಿಲ್ಲ. ಟಿವಿಯಲ್ಲಿ ಒಂದು ನಿಮಿಷ ತೋರಿಸಿದರು, ಕೊಕ್ಕರೆಯ ಚಿತ್ರದ ಮೇಲೆ ಒಂದು ಗೀಟು ಎಳೆದಿದ್ದರು. ಕೊಳ್ಳುವ ಕುಳ ಬರಲೇ ಇಲ್ಲ. ಬಾರದೇ ಇದ್ದದ್ದಕ್ಕೆ ಜನರಿಗೆ ಕಾರಣ ಬೇಕಿತ್ತು, ಕಾರಣ ಹ್ಯಾಂಗರಿನಲ್ಲೇ ಸಿಕ್ಕಿತು. ನಿನ್ನೆಯವರೆಗೆ ಮೇಸ್ತ್ರಿ ಮೇಸ್ತ್ರಿ ಎಂದು ಹಿಂದೆ ಬೀಳುತ್ತಿದ್ದವರು ದಾರಿಯಲ್ಲಿ ಕಂಡರೆ ರಸ್ತೆ ದಾಟಿ ಹೋಗತೊಡಗಿದರು. ತಮ್ಮ ಒಮ್ಮೆ ಮನೆಗೆ ಬಂದ. ಹೊಸ್ತಿಲು ದಾಟಲಿಲ್ಲ. ಕೆನ್ನೆಯ ಬಾವು ಇನ್ನೂ ಇಳಿದಿರಲಿಲ್ಲ.

"ನಿನ್ನ ಗಂಡನಿಗೆ ಹೇಳಕ್ಕ," ಎಂದ. "ಎಷ್ಟು ಮನೆ ಒಲೆ ಆರಿಸಿದ್ದಾನೆ ಅಂತ ಲೆಕ್ಕ ಹಾಕಿಕೊಳ್ಳಲಿ."

ಭಾವ ಎಂದೂ ಅನ್ನಲಿಲ್ಲ, ನಿನ್ನ ಗಂಡ ಎಂದ. ಮೇಸ್ತ್ರಿ ಒಳಗೇ ಇದ್ದ, ಕೇಳಿಸಿಕೊಂಡ, ಹೊರಗೆ ಬರಲಿಲ್ಲ. ಆವತ್ತಿನಿಂದ ಎರಡು ಮನೆಗಳ ನಡುವೆ ಓಡಾಡುವವಳು ಅಕ್ಕ ಒಬ್ಬಳೇ ಆದಳು. ಈ ಮನೆಯಲ್ಲಿ ಆ ಮನೆಯ ಮಾತೆತ್ತುವಂತಿಲ್ಲ, ಆ ಮನೆಯಲ್ಲಿ ಈ ಮನೆಯದನ್ನು. ನಡುವೆ ಸಿಕ್ಕಿಕೊಂಡವಳ ಬಾಯಿಗೆ ತಾನಾಗಿ ಬೀಗ ಬಿತ್ತು.

ವರ್ಷಗಳು ಉರುಳಿದವು. ಮೇಸ್ತ್ರಿ ತಗಡಿನ ಶೆಡ್ಡಿನಲ್ಲಿ ನೀರಿನ ಮೋಟಾರು ರಿಪೇರಿಗೆ ಕೂತ. ತಮ್ಮ ಒಂದು ಲಾಡ್ಜಿನಲ್ಲಿ ಬಂದವರಿಗೆ ಬೀಗದ ಕೈ ಕೊಡುವ ಕೆಲಸ ಹಿಡಿದ. ಮಾತು ಕಡಿಮೆಯಾಯಿತು, ಮುಖ ಊದಿಕೊಂಡಿತು. ವಿಮಾನಗಳು ನಿಲ್ದಾಣದ ಅಂಚಿನಲ್ಲಿ ಹುಲ್ಲಿನಲ್ಲೇ ನಿಂತಿದ್ದವು. ಎಂಜಿನ್ನುಗಳ ಬಾಯಲ್ಲಿ ಗುಬ್ಬಿಗಳು ಗೂಡು ಕಟ್ಟಿದವು. ಒಂದು ದಿನ ಗುಜರಿಯವರು ಬಂದರು. ರೆಕ್ಕೆ ಬೇರೆ, ಮೈ ಬೇರೆ, ಬಾಲ ಬೇರೆ ಮಾಡಿ ಲಾರಿಗೆ ಹೇರಿದರು. ಅಕ್ಕ ಸಂತೆಯಿಂದ ಬರುತ್ತಿದ್ದಾಗ ಆ ಲಾರಿಗಳು ಎದುರಾದವು. ದಾರಿ ಬಿಟ್ಟು ನಿಂತಳು. ಆ ಸಂಜೆ ಮೇಸ್ತ್ರಿ ಕೈ ತೊಳೆಯುತ್ತ, "ಇವತ್ತು ಕಡಿದ್ರಂತೆ," ಎಂದ. ಹೂಂ ಎಂದಳು. ಅಷ್ಟೇ.

ಆಮೇಲೆ ತಮ್ಮನಿಗೆ ಲಕ್ವ ಹೊಡೆಯಿತು. ಎಡಭಾಗ ಪೂರ್ತಿ ಬಿದ್ದುಹೋಯಿತು. ಮಾತು ಉಳಿದಿತ್ತು, ಆದರೆ ಕಲ್ಲಿನ ಮೇಲೆ ಎಳೆದ ಹಾಗೆ ನಿಧಾನ. ಡಾಕ್ಟರು ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ ಎಂದರು. ತಮ್ಮನ ಹೆಂಡತಿ ಅಕ್ಕನನ್ನು ಆಸ್ಪತ್ರೆಯ ಓಣಿಗೆ ಕರೆದು, "ಅತ್ತಿಗೆ, ಅವರು ಭಾವನನ್ನ ಕೇಳ್ತಿದ್ದಾರೆ," ಎಂದಳು.

ಬಸ್ಸಿನಲ್ಲಿ ಅಕ್ಕ ಗಂಡನಿಗೆ ದಾರಿಯುದ್ದಕ್ಕೂ ಹೇಳಿದಳು. ಅವನು ಆ ವಿಮಾನದ ಮಾತೇ ತೆಗೆಯುತ್ತಾನೆ. ಹಾರಿದ್ದರೆ ಬೀಳುತ್ತಿತ್ತು ಅಂದುಬಿಡಿ. ಸುಳ್ಳಾದರೂ ಸರಿ, ಸಾಯುವವನಿಗೆ ನೆಮ್ಮದಿ ಸಿಗಲಿ. ಮೇಸ್ತ್ರಿ ಕಿಟಕಿಯಾಚೆ ನೋಡುತ್ತ ಕೂತಿದ್ದ.

ಅವಳು ಅಂದುಕೊಂಡಂತೆಯೇ ಆಯಿತು. ಕುರ್ಚಿ ಎಳೆದುಕೊಂಡು ಕೂತ ಭಾವನ ಮುಖವನ್ನು ತಮ್ಮ ತುಂಬ ಹೊತ್ತು ನೋಡಿದ.

"ಭಾವ, ನಿಜ ಹೇಳಿ," ಎಂದ. "ಅವತ್ತು ಅದು ಹಾರ್ತಿತ್ತಾ?"

ಮೇಸ್ತ್ರಿ ತನ್ನ ಅಂಗೈ ನೋಡಿಕೊಂಡ. ಅಕ್ಕ ಮಂಚದ ಸರಳು ಹಿಡಿದು ನಿಂತಿದ್ದಳು.

"ಗೊತ್ತಿಲ್ಲ ಕಣಪ್ಪ," ಎಂದ ಕೊನೆಗೆ. "ಹಾರ್ತಿತ್ತೋ ಏನೋ. ಇಳಿಯುವಾಗ ಬ್ರೇಕ್ ಹಿಡೀತಿತ್ತೋ ಏನೋ. ಗೊತ್ತಿಲ್ಲ ಅಂತಲೇ ಸಹಿ ಹಾಕಲಿಲ್ಲ."

ಒಂದು ಮಾತು, ಒಂದೇ ಒಂದು ಮಾತು ಹೇಳಿದ್ದರೆ ಇವನ ಗಂಟೇನು ಹೋಗುತ್ತಿತ್ತು ಎಂದು ಅಕ್ಕನಿಗೆ ಗಂಡನ ಮೇಲೆ ಸಿಟ್ಟು ಉಕ್ಕಿತು. ಆದರೆ ತಮ್ಮ ಮುಖ ತಿರುಗಿಸಲಿಲ್ಲ. ಅವನ ಕಣ್ಣಂಚಿನಿಂದ ನೀರು ಇಳಿದು ದಿಂಬು ಸೇರುತ್ತಿತ್ತು; ಒರೆಸಿಕೊಳ್ಳಲು ಹೋಗಲಿಲ್ಲ.

"ಸಹಿ ಹಾಕಲಿಲ್ಲ ಅಂತ ನನಗೆ ಸಿಟ್ಟಿಲ್ಲ ಭಾವ," ಎಂದ. ಒಂದೊಂದು ಮಾತಿಗೂ ನಿಲ್ಲುತ್ತಿದ್ದ. "ಈಗ ಹೇಳಿದಿರಲ್ಲ, ಈ ಮಾತು. ಅವತ್ತು ಬಂದು ನನ್ನ ಪಕ್ಕ ನಿಂತು ಜನರಿಗೆ ಹೇಳಬಹುದಿತ್ತು. ಒಬ್ಬನೇ ನಿಂತಿದ್ದೆ ನಾನು. ನಮ್ಮವರು ಅಂತ ಒಬ್ಬರೂ ಬರಲಿಲ್ಲ."

ಇಷ್ಟು ವರ್ಷ ಸರಿ ತಪ್ಪುಗಳ ತೂಕ ಹಾಕುತ್ತ ಬಂದ ಮೇಸ್ತ್ರಿಗೆ ಈ ಕಡೆಯಿಂದ ಏಟು ಬೀಳುತ್ತದೆ ಎಂಬುದು ಕನಸಿನಲ್ಲೂ ಇರಲಿಲ್ಲ. ಗದ್ದಲ ತನಗೂ ಕೇಳಿಸಿತ್ತು, ಹ್ಯಾಂಗರಿನ ಬಾಗಿಲವರೆಗೆ ಬಂದಿದ್ದೆ, ಜನರನ್ನು ಕಂಡು ಕಾಲು ಮುಂದೆ ಹೋಗಲಿಲ್ಲ ಎಂದು ತೊದಲಿದ. ನಮ್ಮವರು ಎಂಬ ಮಾತಿನಲ್ಲಿ ತಾನೂ ಇದ್ದೇನೆ ಎಂಬುದು ಅಕ್ಕನಿಗೆ ಗೊತ್ತಿತ್ತು. ಅವತ್ತು ಶಟರ್ ಎತ್ತಲು ಅವಳಿಗೆ ಯಾರ ಅಪ್ಪಣೆಯೂ ಬೇಕಿರಲಿಲ್ಲ.

ಮಾರನೆಯ ದಿನ ಮೇಸ್ತ್ರಿ ಶೆಡ್ಡಿಗೆ ಹೋಗಲಿಲ್ಲ, ಆಸ್ಪತ್ರೆಗೆ ಹೋದ. ಅದರ ಮಾರನೆಯ ದಿನವೂ ಹೋದ. ಹೆಂಡತಿ ಮಕ್ಕಳು ಗಡ್ಡ ಕೆರೆಯಲು ಹೋದರೆ ತಮ್ಮನಿಗೆ ಗಾಯವಾಗುತ್ತಿತ್ತು. ಮೇಸ್ತ್ರಿ ಆ ಕೆಲಸ ತಾನೇ ವಹಿಸಿಕೊಂಡ. ನೊರೆ ಹಚ್ಚಿ, ಬಿದ್ದುಹೋದ ಎಡಗೆನ್ನೆಯನ್ನು ಬೆರಳಲ್ಲಿ ಮೆಲ್ಲಗೆ ಎಳೆದು ಹಿಡಿದು ಕೆರೆಯುತ್ತಿದ್ದ. ಇಬ್ಬರೂ ಹೆಚ್ಚು ಮಾತಾಡುತ್ತಿರಲಿಲ್ಲ. ಒಮ್ಮೆ ತಮ್ಮ ಏನೋ ಹೇಳಿ ಅರ್ಧ ಮುಖದಲ್ಲಿ ನಕ್ಕದ್ದನ್ನೂ, ಭಾವ ಬ್ಲೇಡು ಪಕ್ಕಕ್ಕಿಟ್ಟು ನಗು ನಿಲ್ಲಲೆಂದು ಕಾದದ್ದನ್ನೂ ಅಕ್ಕ ಬಾಗಿಲಿನಿಂದ ನೋಡಿದಳು. ಎಲ್ಲ ಸರಿಹೋಯಿತು ಎನ್ನುವಂತಿರಲಿಲ್ಲ. ಕೆಲವು ದಿನ ತಮ್ಮ ಗೋಡೆಯ ಕಡೆ ತಿರುಗಿ ಮಲಗಿರುತ್ತಿದ್ದ. ಆಗ ಮೇಸ್ತ್ರಿ ಸುಮ್ಮನೆ ಕೂತಿದ್ದು ಬರುತ್ತಿದ್ದ.

ಒಂದು ಮಧ್ಯಾಹ್ನ, ಎಲ್ಲರೂ ಊಟಕ್ಕೆ ಎದ್ದ ಹೊತ್ತಿನಲ್ಲಿ, ತಮ್ಮ ಹೋಗಿಬಿಟ್ಟ.

ಸುದ್ದಿ ಕೇಳಿ ಕಂಪನಿಯ ಹಳಬರೆಲ್ಲ ತಮ್ಮನ ಮನೆಗೆ ಬಂದರು. ಪೈಲಟ್ಟುಗಳು, ಸಾಮಾನು ಹೊರುವವರು, ಕೌಂಟರಿನಲ್ಲಿ ಅವನ ಕೈಕೆಳಗೆ ಮಾತು ಕಲಿತು ಈಗ ಅಜ್ಜಿಯರಾದ ಹುಡುಗಿಯರು. ಬೀದಿ ತುಂಬಿತು. ಮೇಸ್ತ್ರಿ ಬಾಗಿಲ ಬಳಿ ನಿಂತಿದ್ದ. ಬಂದವರು ಅವನನ್ನು ಕಂಡು ಒಂದು ಗಳಿಗೆ ತಡೆದು ನಿಲ್ಲುತ್ತಿದ್ದರು. ಕೆಲವರು ಕೈ ಹಿಡಿದರು. ಕೆಲವರು ಗುರುತೇ ಇಲ್ಲದವರಂತೆ ಅವನ ಭುಜ ಸವರಿಕೊಂಡು ಒಳಗೆ ಹೋದರು. ಅವನ ಹಣೆಯಲ್ಲಿ ಬೆವರು ಹರಿಯುತ್ತಿತ್ತು, ಆದರೂ ಅವನು ಅಲ್ಲಿಂದ ಕದಲಲಿಲ್ಲ. ಕೇಳಿದವರಿಗೂ ಕೇಳದವರಿಗೂ, ನೋವಾಗಲಿಲ್ಲ, ಹಾಗೇ ನಿದ್ದೆಯಲ್ಲೇ ಹೋದ ಎಂದು ಹೇಳುತ್ತಿದ್ದ.

ಒಳಗೆ ಅಕ್ಕ ತಮ್ಮನ ತಲೆಯ ಬಳಿ ಕೂತು ಅವನ ಕೂದಲನ್ನು ಹಿಂದಕ್ಕೆ ನೇವರಿಸುತ್ತಿದ್ದಳು. ಚಿಕ್ಕಂದಿನಲ್ಲೂ ಅದು ಹೀಗೇ, ಎಷ್ಟು ಬಾಚಿದರೂ ಹಣೆಗೆ ಬೀಳುತ್ತಿತ್ತು.