ಗಾಳಿಚೀಲಕ್ಕೆ ಹಾಕಿದ ತೇಪೆ

ವಿಮಾನ ತಲೆಯ ಮೇಲೆ ಬಂದಾಗ ಮುಂಬಯಿ ಏರ್‌ಪೋರ್ಟಿನ ಬದಿಯ ವಾಕೋಲಾದ ಜನ ಮಾತು ನಿಲ್ಲಿಸುತ್ತಾರೆ. ಅದು ದಾಟಿದ ಮೇಲೆ ಬಿಟ್ಟಲ್ಲಿಂದ ಮತ್ತೆ ಶುರು ಮಾಡುತ್ತಾರೆ. ಖಂಡಪ್ಪನಿಗೆ ಮಾತ್ರ ಆ ಜುಲೈ ತಿಂಗಳಿಂದ ಅದು ಆಗುತ್ತಿರಲಿಲ್ಲ. ಚಕ್ರ ನೆಲಕ್ಕೆ ತಾಗಿದ ಸದ್ದು ಕೇಳುವವರೆಗೆ ಕೈಯೊಳಗಿನ ತುತ್ತು ಕೈಯಲ್ಲೇ ಇರುತ್ತಿತ್ತು. ಕೇಳಿದ ಮೇಲೆ ಅದನ್ನು ತಟ್ಟೆಗೇ ಹಾಕಿ ಎದ್ದುಬಿಡುತ್ತಿದ್ದ. ಹೆಂಡತಿ ಭಾಗವ್ವ ಮೊದಲು ಹೊಟ್ಟೆನೋವೆಂದು ಓಂಕಾಳು ಕುದಿಸಿ ಕೊಟ್ಟಳು. ಆಮೇಲೆ ಯಾರೋ ಮಾಟ ಮಾಡಿಸಿದ್ದಾರೆ ಎಂದು ನಿಂಬೆಹಣ್ಣು ಇಳಿಸಿ ನಾಲೆಗೆ ಎಸೆದು ಬಂದಳು. ಮಾಡಿದವನು ಬೇರೆ ಯಾರೂ ಅಲ್ಲ, ಅವನೇ.

ಖಂಡಪ್ಪ ಏರ್‌ಪೋರ್ಟಿನೊಳಗೆ ಒಬ್ಬ ಗುತ್ತಿಗೆದಾರನ ಕೈಕೆಳಗೆ ದುಡಿಯುತ್ತಿದ್ದ. ಆರು ಜನರ ಗ್ಯಾಂಗು, ಎಲ್ಲರೂ ವಿಜಾಪುರದ ಕಡೆಯವರು. ದಾನಪ್ಪ ಅವರ ಮುಕಾದಮ, ಕೆಲಸ ಹಂಚುವ ಮೇಸ್ತ್ರಿ. ರನ್‌ವೇ ಬದಿಯ ಹುಲ್ಲು ಕೊಯ್ಯುವುದು, ಮಳೆಗಾಲದಲ್ಲಿ ಗಟಾರ ಕಟ್ಟಿಕೊಳ್ಳದಂತೆ ನೋಡುವುದು, ಗಾಳಿಚೀಲ ಹರಿದರೆ ಬದಲಿಸುವುದು ಅವರ ಕೆಲಸ. ಗಾಳಿಚೀಲವೆಂದರೆ ಎತ್ತರದ ಕಂಬದ ತುದಿಗೆ ಕಟ್ಟಿದ, ಎರಡೂ ಕಡೆ ಬಾಯಿರುವ ಬಟ್ಟೆಯ ತೋಳು. ಗಾಳಿ ಜೋರಿದ್ದರೆ ನೆಟ್ಟಗೆ ಚಾಚಿಕೊಳ್ಳುತ್ತದೆ, ಕಡಿಮೆಯಿದ್ದರೆ ಜೋತು ಬೀಳುತ್ತದೆ. ವಿಮಾನ ಇಳಿಸುವವನಿಗೆ ಅದೊಂದು ಗುರುತು.

ಆ ವರ್ಷ, ಎಪ್ಪತ್ನಾಲ್ಕರಲ್ಲಿ, ಜುಲೈ ಮೊದಲ ವಾರದ ಗಾಳಿಗೆ ಚೀಲದ ಬಾಲ ಹರಿದು ಚಿಂದಿಯಾಯಿತು. ಹೊಸದು ಬರಲು ನಾಲ್ಕೈದು ದಿನ ಬೇಕು, ಅಲ್ಲಿಯವರೆಗೆ ಏನಾದರೂ ತೇಪೆ ಹಾಕು ಎಂದು ದಾನಪ್ಪ ಹೇಳಿ ಚಹಾ ಕುಡಿಯಲು ಹೋದ. ಖಂಡಪ್ಪ ಕುರಿ ಕಾಯುವವರ ಮನೆಯಲ್ಲಿ ಹುಟ್ಟಿದವನು. ಮಳೆಗೆ ಕಂಬಳಿಯನ್ನು ಮೀರಿದ ವಸ್ತು ಭೂಮಿಯ ಮೇಲೆ ಇಲ್ಲವೆಂದು ನಂಬಿದವನು. ಅವನಪ್ಪ ಕಂಬಳಿಯ ಕೊಪ್ಪೆ ಹಾಕಿಕೊಂಡು ದಿನವಿಡೀ ಮಳೆಯಲ್ಲಿ ನಿಂತರೂ ಮೈಗೆ ಹನಿ ತಾಗುತ್ತಿರಲಿಲ್ಲ. ಖಂಡಪ್ಪ ಮನೆಗೆ ಹೋಗಿ ಹಳೆಯ ಕಂಬಳಿಯಿಂದ ಮೊಳದಷ್ಟು ಅಗಲದ ತುಂಡು ಕತ್ತರಿಸಿ ತಂದ. ದಬ್ಬಣದಿಂದ ಚೀಲದ ಬಾಲಕ್ಕೆ ಸುತ್ತಲೂ ಗಟ್ಟಿಯಾಗಿ ಹೊಲಿದು, ಮೇಲೆ ಕಿತ್ತಳೆ ಬಣ್ಣ ಬಳಿದು ಕಂಬಕ್ಕೆ ಏರಿಸಿದ. ಇನ್ನು ಇಂದ್ರ ಬಂದರೂ ಇದು ಹರಿಯುವುದಿಲ್ಲ ಎಂದು ಗ್ಯಾಂಗಿನವರ ಮುಂದೆ ಜಂಬ ಕೊಚ್ಚಿದ. ಹರಿಯಲೂ ಇಲ್ಲ.

ಕಂಬಳಿ ನೀರನ್ನು ಒಳಗೆ ಬಿಡುವುದಿಲ್ಲ, ನಿಜ. ತಾನೇ ಕುಡಿದುಬಿಡುತ್ತದೆ. ಕುಡಿದ ಕಂಬಳಿ ಕಲ್ಲಿನಷ್ಟು ಭಾರ. ಅಪ್ಪ ಸಂಜೆ ಅದನ್ನು ಹೆಗಲಿನಿಂದ ಇಳಿಸುವಾಗ ಉಸ್ಸೆನ್ನುತ್ತಿದ್ದುದನ್ನು ಖಂಡಪ್ಪ ಸಾವಿರ ಸಲ ಕೇಳಿದ್ದ. ಆದರೂ ಹೊಳೆಯಲಿಲ್ಲ.

ಮೂರನೆಯ ದಿನ ಮಧ್ಯಾಹ್ನ ಅವನು ಗಟಾರದಲ್ಲಿ ಮೊಣಕಾಲುದ್ದ ನೀರಲ್ಲಿ ನಿಂತಿದ್ದ. ಮಳೆ ಸ್ವಲ್ಪ ಕಡಿಮೆಯಾಗಿತ್ತು. ಗಾಳಿ ಮಾತ್ರ ರನ್‌ವೇಗೆ ಅಡ್ಡಲಾಗಿ ಬೀಸುತ್ತಿತ್ತು. ತಲೆಗೆ ಹೊದ್ದ ಪ್ಲಾಸ್ಟಿಕ್ ಹಾರಿಹೋಗಿ ಬೇಲಿಗೆ ಸಿಕ್ಕಿಕೊಂಡಿತು. ಆಗ ದೊಡ್ಡ ಜೆಟ್ ಒಂದು ಮೋಡದಿಂದ ಇಳಿಯಿತು. ಗಾಳಿಗೆ ಮೂತಿ ಕೊಟ್ಟು ಏಡಿಯ ಹಾಗೆ ಓರೆಯಾಗಿ ಬರುತ್ತಿತ್ತು. ಅಂಥ ಗಾಳಿಯಲ್ಲಿ ಹಾಗೇ ಬರಬೇಕು, ಅವನು ಎಷ್ಟೋ ನೋಡಿದ್ದ. ಆದರೆ ಇದು ಇನ್ನೂ ಎತ್ತರದಲ್ಲಿರುವಾಗಲೇ ಮೂತಿ ನೇರ ಮಾಡಿಕೊಂಡಿತು, ಗಾಳಿಯೇ ಇಲ್ಲವೆಂಬಂತೆ. ಖಂಡಪ್ಪ ತಿರುಗಿ ಕಂಬ ನೋಡಿದ. ಚೀಲ ಜೋತುಬಿದ್ದಿತ್ತು. ಅಷ್ಟು ಗಾಳಿಯಲ್ಲಿ ಅದು ಕೆಳಮುಖವಾಗಿ ತೂಗುತ್ತಿತ್ತು, ನೇಣು ಹಾಕಿದ ಹಾಗೆ.

ಕೂಗಿದರೆ ಯಾರಿಗೆ ಕೇಳುತ್ತದೆ? ಗಾಳಿ ವಿಮಾನವನ್ನು ಬದಿಗೆ ತಳ್ಳಿತು, ರೆಕ್ಕೆ ವಾಲಿತು, ಒಂದು ಕಡೆಯ ಚಕ್ರಗಳು ಮೊದಲು ಬಡಿದವು. ಗಟಾರದ ನೀರು ಅವನ ಕಾಲ ಸುತ್ತ ನಡುಗಿತು. ಟೈರುಗಳು ಸಿಡಿದವು, ಚಕ್ರದ ಕಾಲು ಮಡಚಿಕೊಂಡಿತು, ವಿಮಾನ ಕಿಡಿ ಕಾರುತ್ತ ಜಾರಿ ಹುಲ್ಲಿನಲ್ಲಿ ನಿಂತಿತು. ಯಾರೂ ಸಾಯಲಿಲ್ಲ. ಹಿಂದಿನ ಸೀಟಿನ ಒಬ್ಬ ಹೆಣ್ಣುಮಗಳ ಬೆನ್ನುಮೂಳೆ ಮುರಿಯಿತು, ಇನ್ನು ನಡೆಯಲಾರಳು ಎಂದು ಮರುದಿನ ಕ್ಯಾಂಟೀನಿನಲ್ಲಿ ಮಾತಾಡಿಕೊಂಡರು.

ಅಷ್ಟರಲ್ಲಿ ಹೊಸ ಚೀಲ ಬಂದು ದಾನಪ್ಪ ಅದನ್ನು ಏರಿಸಿಯಾಗಿತ್ತು. ಹಳೆಯದನ್ನು ಕಸದ ಗಾಡಿಗೆ ಹಾಕಿಸಿದ್ದ. ವಿಮಾನ ಇಳಿಸಿದ ಕ್ಯಾಪ್ಟನ್ನನ್ನು ಕೆಲಸದಿಂದ ದೂರ ಇಟ್ಟರು. ತನಿಖೆ ಶುರುವಾಯಿತು. ತಪ್ಪು ಕ್ಯಾಪ್ಟನ್ನನದೇ ಎಂದು ಎಲ್ಲರೂ ಅಂದರು.

ಖಂಡಪ್ಪನಿಗೆ ಅಲ್ಲಿಂದ ದೆವ್ವ ಹಿಡಿದ ಹಾಗಾಯಿತು. ಅವನಿದ್ದ ಚಾಳಿನ ಸಾಲುಮನೆಗಳ ಮುಂದಿನ ತಂತಿಯ ಮೇಲೆ ಒದ್ದೆ ಅಂಗಿಯ ತೋಳು ಜೋತಿದ್ದರೆ ನೋಡಲಾಗುತ್ತಿರಲಿಲ್ಲ, ಎಳೆದು ಕೆಳಗೆ ಹಾಕುತ್ತಿದ್ದ. ಪಕ್ಕದ ಮನೆಯ ರಾಚವ್ವ ಬೈದು ಬೈದು ಸಾಕಾದಳು. ಗಾಳಿಯಿಲ್ಲದ ದಿನ ಹೊಸ ಚೀಲ ಸುಮ್ಮನೆ ಇಳಿಬಿದ್ದಾಗ ಅದರೊಳಗೆ ಯಾರೋ ನಿಂತಂತೆ ಕಾಣುತ್ತಿತ್ತು. ಸೊಂಟದ ಕೆಳಗೆ ಏನೂ ಇಲ್ಲದ ಯಾರೋ.

ಕೊನೆಗೆ ದಾನಪ್ಪನಿಗೆ, ಎಲ್ಲ ನನ್ನ ತೇಪೆಯಿಂದಲೇ ಆಯಿತು ಎಂದು ಹೇಳಿದ. ದಾನಪ್ಪ ಸುತ್ತ ನೋಡಿ ಅವನ ರಟ್ಟೆ ಹಿಡಿದ.

"ನಿನಗ ಯಾರರ ಕೇಳ್ಯಾರೇನಲೇ? ಟವರಿನ್ಯಾಗ ಗಾಳಿ ನೋಡೂ ಮಷೀನ್ ಐತಿ. ನಿನ್ನ ತೇಪಿ ನೋಡ್ಕೋತ ಯಾರೂ ಇಮಾನ ಇಳಸಂಗಿಲ್ಲ. ಬಾಯಿ ಮುಚ್ಚಕೊಂಡು ಹುಲ್ಲು ಕೊಯ್ಯಿ. ಆರು ಮಂದಿ ಹೊಟ್ಟಿ ಮ್ಯಾಲೆ ಹೊಡಿಬ್ಯಾಡ."

ಖಂಡಪ್ಪ ಸಿಟ್ಟಿನಿಂದ ನೇರ ತನಿಖೆಯ ಆಫೀಸಿಗೆ ಹೋದ. ಅಲ್ಲಿಯ ಅಧಿಕಾರಿ ಅರ್ಧ ಕೇಳಿ ನಕ್ಕ. ಗಾಳಿಯ ಲೆಕ್ಕವನ್ನು ಟವರು ರೇಡಿಯೋದಲ್ಲಿ ಹೇಳಿತ್ತು, ಚೀಲದ ಮಾತು ಇಲ್ಲಿ ಬರುವುದಿಲ್ಲ, ಹೋಗು ಎಂದ. ಖಂಡಪ್ಪ ಹಗುರಾಗಿ ಮನೆಗೆ ಬಂದು ಎರಡು ರೊಟ್ಟಿ ತಿಂದ. ಮೂರನೆಯದು ಮುರಿಯುವಾಗ ವಿಮಾನ ಬಂತು. ಕೈ ನಿಂತಿತು. ಚೀಲ ನೋಡಿಲ್ಲ ಎಂದು ಹೇಳಬೇಕಾದವನು ಈ ಅಧಿಕಾರಿಯಲ್ಲ, ವಿಮಾನ ಇಳಿಸಿದವನು.

ಭಾಗವ್ವನಿಗೆ ಎಲ್ಲ ಹೇಳಿದ. ಅವಳು ಒಲೆಯ ಕೊಳ್ಳಿ ಹಿಂದಕ್ಕೆ ಎಳೆದಳು.

"ನೌಕರಿ ಹೋದ್ರ ನಾ ನಾಕ್ ಮನಿ ಭಾಂಡಿ ತಿಕ್ಕತೀನಿ," ಎಂದಳು. "ಹಿಂಗ ಕುಂತ ಗಂಡನ್ನ ನೋಡಾಕ ಆಗೂದಿಲ್ಲ. ಹೋಗಿ ಕೇಳಿ ಬರ್ರಿ."

ಏರ್‌ಪೋರ್ಟಿನ ವ್ಯಾನ್ ಓಡಿಸುವ ಚೆನ್ನಯ ಕ್ಯಾಪ್ಟನ್ನನ ಮನೆ ತಿಳಿದಿದ್ದ. ಭಾನುವಾರ ಬೆಳಿಗ್ಗೆ ಖಂಡಪ್ಪ ಲೋಕಲ್ ರೈಲು ಹಿಡಿದು ಮಲಾಡಿಗೆ ಹೋದ. ಬಾಗಿಲು ತೆರೆದವನು ನಾಲ್ಕು ದಿನದ ಗಡ್ಡದ, ಐವತ್ತರ ಮನುಷ್ಯ. ಖಂಡಪ್ಪ ಹೊಸ್ತಿಲಿನ ಹೊರಗೇ ನಿಂತು ತನ್ನ ಮುರುಕು ಹಿಂದಿಯಲ್ಲಿ ಕಂಬಳಿ, ದಬ್ಬಣ, ಬಣ್ಣ ಎಲ್ಲ ಒಂದೇ ಉಸಿರಿಗೆ ಒಪ್ಪಿಸಿದ. ಕೊನೆಗೆ, ನೀವು ಅದನ್ನು ನೋಡಿದಿರಾ ಎಂದು ಕೇಳಿದ.

ಕ್ಯಾಪ್ಟನ್ ಬಾಗಿಲ ಚೌಕಟ್ಟು ಹಿಡಿದುಕೊಂಡ. ಅವನೂ ಹಿಂದಿಯಲ್ಲೇ, ನಿಧಾನವಾಗಿ ಹೇಳಿದ.

"ನೋಡಿದೆ. ಟವರು ಗಾಳಿ ಜೋರು ಅಂದಿತ್ತು, ಅದಾದ ಮೇಲೆ ಇಳಿದಿದೆ ಅಂದುಕೊಂಡೆ. ಜೋತುಬಿದ್ದಿತ್ತು ಅಂತ ತನಿಖೆಯಲ್ಲಿ ಹೇಳಿದೆ. ಅವರು ಮರುದಿನದ ಫೋಟೋ ತೋರಿಸಿದರು, ನೆಟ್ಟಗೆ ಹಾರುತ್ತಿದೆ. ಮೂರು ವಾರದಿಂದ ನನ್ನ ಕಣ್ಣನ್ನೇ ನಾನು ನಂಬಿಲ್ಲ. ಕನ್ನಡಿ ನೋಡಿದರೂ ಇದು ನಾನೇ ಹೌದೋ ಅಲ್ಲವೋ ಅನಿಸುತ್ತದೆ."

ಹೊಡೆಯುತ್ತಾನೆ ಎಂದು ಖಂಡಪ್ಪ ಕಾದ. ಹೊಡೆಯಲಿಲ್ಲ.

ಸೋಮವಾರ ಇಬ್ಬರೂ ತನಿಖೆಯ ಆಫೀಸಿಗೆ ಹೋದರು. ಕ್ಯಾಪ್ಟನ್ ಪಕ್ಕದಲ್ಲಿ ನಿಂತಿದ್ದರಿಂದ ಅಧಿಕಾರಿ ಈ ಸಲ ನಗಲಿಲ್ಲ, ಬರೆಸಿಕೊಂಡ. ಹಳೆಯ ಚೀಲ ಎಲ್ಲಿ ಎಂದು ಕೇಳಲು ದಾನಪ್ಪನನ್ನು ಕರೆಸಿದರು. ಅವನು ತಲೆ ತಗ್ಗಿಸಿ ಒಪ್ಪಿಕೊಂಡ. ಹೊರಗೆ ಹೋಗುವಾಗ ಖಂಡಪ್ಪನ ಕಾಲ ಬಳಿ ಉಗುಳಿ ಹೋದ. ಖಂಡಪ್ಪ ಶಾಲೆಯಲ್ಲಿ ನಾಲ್ಕನೆಯ ಇಯತ್ತೆಯವರೆಗೆ ಕಲಿತ ಅಕ್ಷರದಲ್ಲಿ ಸಹಿ ಮಾಡಿದ. ನಾಳೆಯಿಂದ ಗೇಟಿನೊಳಗೆ ಬರಬೇಡ ಎಂದು ಅವನ ಪಾಸು ಕಿತ್ತುಕೊಂಡರು.

ಹೊರಗೆ ಬಂದಾಗ ಕ್ಯಾಪ್ಟನ್ ಮೆಟ್ಟಿಲ ಮೇಲಿದ್ದ. ಖಂಡಪ್ಪ ಆ ಹೆಣ್ಣುಮಗಳು ಎಲ್ಲಿದ್ದಾಳೆ ಎಂದು ಕೇಳಿದ.

"ಹೆಸರು ಶೀಲಾವತಿ. ಆಸ್ಪತ್ರೆಯ ಎರಡನೆಯ ಮಹಡಿ, ಕೊನೆಯ ಮಂಚ," ಎಂದ ಕ್ಯಾಪ್ಟನ್. "ಮೂರು ಸಲ ಹೋದೆ. ವಾರ್ಡಿನ ಬಾಗಿಲಿಂದಲೇ ವಾಪಸು ಬಂದೆ. ಏನು ಅಂತ ಹೇಳುವುದು?"

ಖಂಡಪ್ಪನಿಗೆ, ಬಾಗಿಲು ದಾಟಲು ಒಬ್ಬನಿಗಿಂತ ಇಬ್ಬರಿದ್ದರೆ ಆದೀತೇನೋ ಅನಿಸಿತು. ಕ್ಯಾಪ್ಟನ್ನನಿಗೆ ತನ್ನ ಭಾಷೆ ತಿಳಿಯುವುದಿಲ್ಲ ಎಂಬುದನ್ನು ಮರೆತು, "ನಡೀರಿ ಸಾಹೇಬ್ರ," ಎಂದು ಮೆಟ್ಟಿಲು ಇಳಿದ. ನಾಲ್ಕು ಮೆಟ್ಟಿಲು ಇಳಿಯುವಷ್ಟರಲ್ಲಿ ಹಿಂದೆ ಕ್ಯಾಪ್ಟನ್ನನ ಬೂಟಿನ ಸಪ್ಪಳ ಕೇಳಿಸಿತು.